ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಮಡ್‌ಗಾರ್ಡ್ ಕಾಣಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀಗ ರಿಪೇರಿ ಅಂಗಡಿಯ ಮೇಲಿನ ಮನೆಯಲ್ಲಿ, ಪೂರ್ವದ ಕಿಟಕಿಗೆ ತಾಗಿಸಿದ ಊಟದ ಮೇಜಿನ ಮುಂದೆ ಕೂತು, ಅರವತ್ತು ದಾಟಿದ ಹೆಂಗಸೊಬ್ಬರು ಭೂತಗನ್ನಡಿ ಹಿಡಿದು ಒಂದು ಹಳೆಯ ಫೋಟೋವನ್ನು ಬೈಯುತ್ತಿದ್ದಾರೆ. ಫೋಟೋದಲ್ಲಿ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನಿಕನೊಬ್ಬ ಲಾರಿಗೆ ಒರಗಿ ಬಾಯ್ತುಂಬ ನಗುತ್ತಿದ್ದಾನೆ.

"ಇಷ್ಟುದ್ದ ಲಾರಿ ಖಾಲಿ ಬಿದ್ದಿದೆಯಲ್ಲಪ್ಪ. ಬಾಗಿಲಿಗೆ ಒರಗಬಹುದಿತ್ತು, ಚಕ್ರದ ಮೇಲೆ ಕಾಲಿಟ್ಟು ನಿಲ್ಲಬಹುದಿತ್ತು. ಬಂದು ಬಂದು ಮಡ್‌ಗಾರ್ಡಿಗೇ ಒರಗಬೇಕಿತ್ತಾ?"

ಹುಡುಗ ನಗುತ್ತಲೇ ಇದ್ದಾನೆ. ಒಳಗಿನಿಂದ ಗಂಡನ ದನಿ ಬರುತ್ತದೆ: "ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಪೂಜೆ ಮಾಡ್ತಿದ್ದೀಯ?" ಪೂಜೆ ಎಂದರೆ ಈ ಮನೆಯಲ್ಲಿ ಬೈಗುಳ ಎಂದರ್ಥ. ಅದು ನಿತ್ಯವೂ ನಡೆಯುತ್ತದೆ, ಹೆಚ್ಚಾಗಿ ಬದುಕಿಲ್ಲದವರಿಗೇ ನಡೆಯುತ್ತದೆ.

ಇವರನ್ನು ಬಂಧುಬಳಗವೆಲ್ಲ ಮಡ್‌ಗಾರ್ಡ್ ಚಿಕ್ಕಮ್ಮ ಎಂದು ಕರೆಯುತ್ತದೆ. ಹೆಸರಿಟ್ಟವಳು ಅಕ್ಕನ ಮಗಳು, ತನ್ನ ಮದುವೆಯ ಆಲ್ಬಂ ತೋರಿಸಲು ಬಂದ ದಿನ. ಪುಟ ತಿರುವುತ್ತಾ ಹೋದ ಚಿಕ್ಕಮ್ಮ, ಗಂಡು ಹೆಣ್ಣು ಕಾರಿನ ಮುಂದೆ ನಿಂತ ಚಿತ್ರ ಬಂದಾಗ ಕನ್ನಡಕ ಸರಿಮಾಡಿಕೊಂಡು, "ಚೆನ್ನಾಗಿದೆ ಕಣೇ, ನೀನೊಂದು ಸ್ವಲ್ಪ ಪಕ್ಕಕ್ಕೆ ಸರಿದಿದ್ರೆ ಕಾರಿನ ನಂಬರ್ ಪೂರ್ತಿ ಬರ್ತಿತ್ತು" ಅಂದುಬಿಟ್ಟರು. ಮದುಮಗಳು ಒಂದು ವಾರ ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆಂಬುದು ಚಿಕ್ಕಮ್ಮನಿಗೆ ಗೊತ್ತಾಗಿದ್ದು ಅವಳು ಮತ್ತೆ ಮಾತಾಡಿಸಿದ ಮೇಲೆಯೇ.

ಅವರ ಕೆಲಸವೇನೆಂದು ಹೇಳಿದರೆ ಮೊದಲ ಸಲಕ್ಕೆ ಯಾರೂ ನಂಬುವುದಿಲ್ಲ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಅಂಗೈಯಗಲದ ಲಾರಿ, ಟ್ಯಾಂಕು, ಜೀಪುಗಳನ್ನು ಕಟ್ಟುವ ಹವ್ಯಾಸಿಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಕಟ್ಟುವುದು, ಬಣ್ಣ ಬಳಿಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಸಿಕ್ಕಿಬೀಳುವುದು ಆಮೇಲೆ. ಆ ಕಾಲದ ಬ್ರಿಟಿಷ್ ಸೇನೆಯ ವಾಹನವೆಂದರೆ ಮೈತುಂಬ ಗುರುತು. ಬಾನೆಟ್ಟಿನ ಪಕ್ಕ ನಂಬರು, ಮುಂದಿನ ಒಂದು ಮಡ್‌ಗಾರ್ಡಿನ ಮೇಲೆ ದಳದ ಚಿಹ್ನೆ, ಇನ್ನೊಂದರ ಮೇಲೆ ಇದು ಯಾವ ತುಕಡಿಯ ಗಾಡಿ ಎಂದು ಸಾರುವ ಬಣ್ಣದ ಚೌಕ, ಚೌಕದೊಳಗೆ ಬಿಳಿ ಅಂಕಿ, ಸಾಲದ್ದಕ್ಕೆ ಈ ಭಾರವನ್ನು ಯಾವ ಸೇತುವೆ ತಡೆದೀತು ಎಂದು ಹೇಳುವ ಹಳದಿ ಬಿಲ್ಲೆ. ಯಾವ ಗಾಡಿಗೆ ಯಾವ ಚೌಕ, ಅಂಕಿ ಎಷ್ಟು? ಅದನ್ನು ಹಳೆಯ ಫೋಟೋಗಳಿಂದ ಹೆಕ್ಕಿ ತೆಗೆದು ಹೇಳುವವರು ಚಿಕ್ಕಮ್ಮ. ಅವರು ಹೇಳಿದ್ದನ್ನು ನೀರಲ್ಲಿ ನೆನೆಸಿ ಅಂಟಿಸುವ ಪುಟಾಣಿ ಚಿತ್ರಗಳಾಗಿ ಯಾರೋ ಅಚ್ಚು ಹಾಕುತ್ತಾರೆ, ಇನ್ಯಾರೋ ಅಂಟಿಸಿ ಬಹುಮಾನ ಗೆಲ್ಲುತ್ತಾರೆ. ಚಿಕ್ಕಮ್ಮನ ಹೆಸರು ಆ ಹಾಳೆಯ ಹಿಂದೆ, ಅವರ ಭೂತಗನ್ನಡಿಗೇ ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವೊಮ್ಮೆ ಅದೂ ಇರುವುದಿಲ್ಲ.

ಬೇಸರವಿಲ್ಲವೇ ಎಂದರೆ, "ಬೇಸರ ಯಾಕೆ? ಚೌಕ ಸರಿ ಬಂದಿದ್ರೆ ಸಾಕು" ಅನ್ನುತ್ತಾರೆ. ಭೂತಗನ್ನಡಿ ಒರೆಸುತ್ತಾ, "ಹೆಸರು ಹಾಕಿದ್ರೆ ಬೇಡ ಅಂತೇನೂ ಅನ್ನಲ್ಲ" ಎಂದು ಸೇರಿಸುತ್ತಾರೆ.

ಹುಚ್ಚು ಹಿಡಿದದ್ದು ಫೋಟೋ ಸ್ಟುಡಿಯೋದಲ್ಲಿ. ಮದುವೆಗೆ ಮುಂಚಿನಿಂದಲೂ ಅಲ್ಲಿ ರಿಟಚಿಂಗ್ ಕೆಲಸ: ಮೊಡವೆ ಅಳಿಸುವುದು, ನೆರೆಗೂದಲು ಕಪ್ಪು ಮಾಡುವುದು, ಮುಚ್ಚಿದ ಕಣ್ಣು ತೆರೆಸುವುದು. ಯಾರೋ ಹರಿದ ಯುದ್ಧಕಾಲದ ಚಿತ್ರವೊಂದನ್ನು ಸರಿಮಾಡಲು ಕೊಟ್ಟರು. ಅದರಲ್ಲಿ ಲಾರಿಯ ಮಡ್‌ಗಾರ್ಡಿನ ಮೇಲಿದ್ದ ಕಲೆ ಕೊಳೆಯೋ ಬಣ್ಣವೋ ಗೊತ್ತಾಗಲಿಲ್ಲ. ಕೊಳೆಯೆಂದು ಅಳಿಸಿಬಿಟ್ಟರು. ಅದು ಕೊಳೆಯಲ್ಲ, ದಳದ ಚಿಹ್ನೆ ಎಂದು ಗಿರಾಕಿ ಅಂಗಡಿಯಲ್ಲೇ ರಂಪ ಮಾಡಿದ. ಅಳಿಸಿದ್ದನ್ನು ಮತ್ತೆ ಬರೆಯಲು ಹುಡುಕಾಟ ಶುರುವಾಯಿತು. ಆ ಹುಡುಕಾಟ ಇನ್ನೂ ನಿಂತಿಲ್ಲ ಎನ್ನುತ್ತಾರೆ ಗಂಡ, ಯಾರ ಕಿವಿಗಾದರೂ ಬೀಳಲಿ ಎನ್ನುವಷ್ಟು ಜೋರಾಗಿ.

ಚಿಕ್ಕಮ್ಮನಿಗೆ ಈ ಕೆಲಸದಲ್ಲಿ ಇಬ್ಬರು ಶತ್ರುಗಳು. ಒಬ್ಬ, ಸೇನೆಯ ಗುಟ್ಟು ಎದುರಾಳಿಗೆ ತಿಳಿಯಬಾರದೆಂದು ಫೋಟೋದ ಮೇಲಿನ ಗುರುತನ್ನೆಲ್ಲ ಕುಂಚದಿಂದ ಬಳಿದುಹಾಕುತ್ತಿದ್ದ ಆಗಿನ ಸೆನ್ಸಾರ್ ಅಧಿಕಾರಿ. "ಪಾಪ, ಅವನ ಕೆಲಸ ಅವನು ಮಾಡಿದ" ಎಂದು ಅವನನ್ನು ಕ್ಷಮಿಸಿದ್ದಾರೆ. ಕ್ಷಮಿಸಲಾಗದವರು ಎರಡನೆಯವರು, ಕ್ಯಾಮೆರಾ ಕಂಡ ಕೂಡಲೇ ಓಡಿ ಬಂದು ಮಡ್‌ಗಾರ್ಡಿನ ಮುಂದೆ ನಗುತ್ತಾ ನಿಲ್ಲುವ ಜನ. ಹಾಗಾಗಿ ಯಾರು ಏನೇ ಕಳಿಸಲಿ, ಚಿಕ್ಕಮ್ಮ ಮೊದಲು ಚಿತ್ರ ನೋಡುತ್ತಾರೆ, ಅದರಲ್ಲೂ ಮೊದಲು ಮಡ್‌ಗಾರ್ಡು. ಜೊತೆಗೆ ಬರೆದ ಒಕ್ಕಣೆ ಓದಿದರೆ ಓದಿದರು, ಇಲ್ಲದಿದ್ದರೆ ಇಲ್ಲ.

ಈ ಚಾಳಿಯೇ ಹೋದ ಚಳಿಗಾಲದಲ್ಲಿ ಅವರನ್ನು ಪೇಚಿಗೆ ಸಿಕ್ಕಿಸಿತು.

ದೂರದ ಊರಿನ ಬೇಕರಿಯವರೊಬ್ಬರು ಒಂದು ಚಿತ್ರ ಕಳಿಸಿದ್ದರು. ಯುದ್ಧಕಾಲದ ಆಂಬುಲೆನ್ಸ್, ಅದರ ಮುಂದೆ ಡ್ರೈವರ್ ಸಮವಸ್ತ್ರದ ಯುವತಿ. ಅವಳು ಬಲಗಡೆಯ ಮಡ್‌ಗಾರ್ಡನ್ನು ಒಂದಿಂಚೂ ಬಿಡದೆ ಮುಚ್ಚಿದ್ದಳು. ಚಿಕ್ಕಮ್ಮ ಥಟ್ಟನೆ ಉತ್ತರ ಒತ್ತಿದರು: "ಚಿತ್ರ ಸ್ಪಷ್ಟವಾಗಿದೆ. ಆದರೆ ಮುಂದಿರುವ ಹೆಂಗಸು ಅಡ್ಡವಾಗಿದ್ದಾರೆ. ಅವರಿಲ್ಲದ ಫೋಟೋ ಇದ್ದರೆ ಕಳಿಸಿ."

ಸಂಜೆ ಮರುತ್ತರ ಬಂತು: "ಅವರಿಲ್ಲದ ಫೋಟೋಗಳೇ ನನ್ನ ಹತ್ತಿರ ಇರುವುದು ಮೇಡಂ. ಅವರಿರುವುದು ಇದೊಂದೇ. ಅವರು ನಮ್ಮಮ್ಮ. ತೊಂದರೆ ಕೊಟ್ಟೆ, ಬಿಟ್ಟುಬಿಡಿ."

ಚಿಕ್ಕಮ್ಮ ಮೊದಲ ಪತ್ರವನ್ನು ಆಗ ಪೂರ್ತಿ ಓದಿದರು. ಎಲ್ಲವೂ ಅದರಲ್ಲೇ ಇತ್ತು. ತಾಯಿ ಬಹಳ ಹಿಂದೆಯೇ ತೀರಿಕೊಂಡದ್ದು, ಯುದ್ಧದಲ್ಲಿ ಆಕೆ ಓಡಿಸಿದ ಗಾಡಿಯನ್ನೇ ಮಗ ಈಗ ಕಟ್ಟುತ್ತಿರುವುದು, ಆ ಒಂದು ಚೌಕಕ್ಕಾಗಿ ಕೆಲಸ ನಿಂತಿರುವುದು. ಅವರ ಮುಖ ಸುಣ್ಣವಾಯಿತು. ಆ ದಿನ ಊಟ ಸೇರಲಿಲ್ಲ. ಗಂಡ ಎರಡೂ ಪತ್ರ ಓದಿ ತಲೆ ಕೆರೆದುಕೊಂಡರು.

"ನಾಲಿಗೆಗೆ ಹಾಕೋ ಬೀಗ ನನ್ನ ಅಂಗಡೀಲಿ ಇಲ್ಲ ಕಣೆ. ಇದ್ದಿದ್ರೂ ಏನುಪಯೋಗ, ನೀನು ಬೆರಳಲ್ಲಿ ಮಾತಾಡಿದ್ದೀಯ."

"ತಮಾಷೆ ಮಾಡ್ಬೇಡಿ. ಏನು ಮಾಡ್ಲಿ ಹೇಳಿ."

"ಫೋನ್ ಮಾಡು. ಬೈಸಿಕೋ. ಬೈಸಿಕೊಂಡ್ರೆ ಅರ್ಧ ಹಗುರ ಆಗುತ್ತೆ. ಅನುಭವದಿಂದ ಹೇಳ್ತಿದ್ದೀನಿ."

ಬೇಕರಿಯವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಎಪ್ಪತ್ತು ದಾಟಿದ ಮನುಷ್ಯ, ಮೆಲುದನಿ. "ನನ್ನ ಕೈ ನಡುಗೋಕೆ ಶುರುವಾಗಿದೆ ಮೇಡಂ. ಬ್ರೆಡ್ಡಿಗೆ ಪರವಾಗಿಲ್ಲ, ಹಿಟ್ಟು ನಾದೋಕೆ ನಡುಗಿದ್ರೂ ನಡೆಯುತ್ತೆ. ಇಂಥ ಸೂಕ್ಷ್ಮ ಕೆಲಸ ಇನ್ಮೇಲೆ ಆಗಲ್ಲ. ಇದೇ ಕೊನೇದು. ಅದಕ್ಕೇ ಸುಳ್ಳು ನಂಬರ್ ಹಾಕೋಕೆ ಮನಸ್ಸು ಬರ್ಲಿಲ್ಲ."

ಆಗ ಚಿಕ್ಕಮ್ಮ ಇಷ್ಟು ವರ್ಷದಲ್ಲಿ ಯಾವ ಗಿರಾಕಿಯನ್ನೂ ಕೇಳದ ಪ್ರಶ್ನೆಯೊಂದನ್ನು ಕೇಳಿದರು: "ನಿಮ್ಮಮ್ಮ ಹೇಗಿದ್ರು?"

ಫೋನಿನ ಆ ಕಡೆ ಮೊದಲು ಕುರ್ಚಿ ಎಳೆದುಕೊಂಡ ಸದ್ದು. ಆಮೇಲೆ ನಗು. ಅಮ್ಮ ಗಾಡಿ ಓಡಿಸುತ್ತಿದ್ದ ಠೀವಿ, ಮೇಲಧಿಕಾರಿಗೆ ಹೆದರದ ಬಾಯಿ, ಎಲ್ಲ ಬಂತು. ಬಾಂಬಿನ ಭಯಕ್ಕೆ ದೀಪ ಹಚ್ಚುವಂತಿಲ್ಲದ ಕತ್ತಲಲ್ಲಿ ಆಸ್ಪತ್ರೆಯ ಗೇಟು ಹೊಗುವಾಗ ಕಂಬಕ್ಕೆ ಸವರಿ ಹೊಸ ಗಾಡಿಯ ಮಡ್‌ಗಾರ್ಡು ಡೊಂಕು ಮಾಡಿದ್ದೂ ಬಂತು. "ಅದನ್ನ ಮೇಲಿನೋರಿಗೆ ಹೇಳಲೇ ಇಲ್ವಂತೆ. ಕೊನೇವರೆಗೂ ಸಿಕ್ಕಿಬೀಳಲಿಲ್ಲ ಅಂತ ಜಂಭ ಕೊಚ್ಕೋತಿದ್ರು."

"ಯಾವ ಕಡೆ ಮಡ್‌ಗಾರ್ಡು?"

"ಡ್ರೈವರ್ ಕಡೇದು. ಬಲಗಡೆ."

ಚಿಕ್ಕಮ್ಮ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೇ ಫೋಟೋ ಎಳೆದುಕೊಂಡರು. ಈ ಸಲ ಮಡ್‌ಗಾರ್ಡು ನೋಡಲಿಲ್ಲ, ಆ ಹುಡುಗಿಯನ್ನು ನೋಡಿದರು. ಅವಳು ಒರಗಿ ನಿಂತಿರಲಿಲ್ಲ. ಎರಡೂ ಕೈ ಸೊಂಟದ ಮೇಲಿಟ್ಟು, ಮೊಣಕೈ ಅಗಲಿಸಿ, ಕೋಟನ್ನು ಹರಡಿಕೊಂಡು, ಮೈಯನ್ನು ಆದಷ್ಟು ದೊಡ್ಡದು ಮಾಡಿಕೊಂಡು ನಿಂತಿದ್ದಳು. ಮುಖದಲ್ಲಿ ಏನೂ ಅರಿಯದವಳ ನಗು.

"ಯಜಮಾನ್ರೇ, ನಿಮ್ಮಮ್ಮ ಫೋಟೋಗೆ ನಿಂತಿದ್ದಲ್ಲ. ಡೊಂಕು ಮುಚ್ಚೋಕೆ ನಿಂತಿದ್ದು."

ಎರಡು ಊರಿನ ಇಬ್ಬರು ವಯಸ್ಸಾದವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಕೇಳಿ ಗಂಡ ಕೆಳಗಿನಿಂದ ಓಡಿ ಬಂದರಂತೆ. ಇಲ್ಲಿಯವರೆಗೆ ಚಿಕ್ಕಮ್ಮ ನಂಬರು ಹುಡುಕುತ್ತಿದ್ದರು. ಇನ್ನು ಹುಡುಕಬೇಕಾದದ್ದು ಡೊಂಕನ್ನು. ತಮ್ಮಲ್ಲಿದ್ದ ಆಂಬುಲೆನ್ಸ್ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಮೇಜು ಸಾಲದೆ ಹಾಸಿಗೆ, ಹಾಸಿಗೆ ಸಾಲದೆ ನೆಲ. ಗಂಡ ನಿಂತುಕೊಂಡೇ ಊಟ ಮಾಡಿದರು. ನೋಡಲು ಬಂದ ಅಕ್ಕ, "ಇದು ಮನೆಯೋ ಗ್ಯಾರೇಜೋ" ಎಂದು ಮೂಗು ಮುರಿದು, ಆಮೇಲೆ ತಾವೇ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು.

ಸಿಕ್ಕಿದ್ದು ಅಕ್ಕನಿಗೇ. ಆಸ್ಪತ್ರೆ ಸಿಬ್ಬಂದಿಯ ಫುಟ್‌ಬಾಲ್ ತಂಡದ ಚಿತ್ರ. ಹಿಂದೆ ಒಂದು ಆಂಬುಲೆನ್ಸ್, ಬಲ ಮಡ್‌ಗಾರ್ಡು ಕಚ್ಚಿದ ಬಿಸ್ಕತ್ತಿನ ಹಾಗೆ ಒಳಗೆ ಹೋಗಿದೆ. ಅಷ್ಟರಿಂದಲೇ ಚಿಕ್ಕಮ್ಮ ಒಪ್ಪಲಿಲ್ಲ, ಡೊಂಕು ಯಾರ ಗಾಡಿಗೂ ಬೀಳಬಹುದು. ಡ್ರೈವರ್ ಪಕ್ಕದ ಕ್ಯಾನ್ವಾಸ್ ಪರದೆಗೆ ಹಾಕಿದ ತೇಪೆಯನ್ನು ಎರಡೂ ಚಿತ್ರದಲ್ಲಿ ಹೋಲಿಸಿದರು. ಅದೇ ತೇಪೆ, ಹೊಲಿಗೆಯೂ ಹಾಗೇ ಓರೆ. ಬಾನೆಟ್ಟಿನ ಮೇಲೆ ಎರಡರಲ್ಲೂ ಕಾಣುವ ಕೊನೆಯ ಎರಡು ಅಂಕಿಗಳೂ ಒಂದೇ. ಮೊದಲ ಅಂಕಿಗಳ ಮುಂದೆ ಗೋಲ್‌ಕೀಪರ್ ನಿಂತಿದ್ದ, ಅವನಿಗೂ ಪೂಜೆ ಆಯಿತು. ಆದರೆ ಡೊಂಕು ಮಡ್‌ಗಾರ್ಡಿನ ಮುಂದೆ, ದೇವರು ದೊಡ್ಡವನು, ಯಾರೂ ಇರಲಿಲ್ಲ. ಸಾಗಣೆ ವಿಭಾಗದ ಕೆಂಪು, ಹಸಿರು ತ್ರಿಕೋನ ಕೂಡಿದ ಚೌಕ. ಚಿತ್ರದಲ್ಲಿ ಎರಡೂ ಬೂದಿ ಬಣ್ಣವೇ, ಆದರೂ ಓರೆ ಗೆರೆ ಸ್ಪಷ್ಟ. ಅದರ ಮೇಲೆ ಬಿಳಿ ಅಂಕಿ. ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಅಂಕಿ ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಒಂದು ಭಾನುವಾರ ಬೇಕರಿಯವರು ಕೇಕಿನ ಡಬ್ಬಿ ಹಿಡಿದು ಬಸ್ಸಿಳಿದು ಬಂದಿದ್ದಾರೆ. ಡಬ್ಬಿಯಲ್ಲಿರುವುದು ಕೇಕಲ್ಲ, ಆಂಬುಲೆನ್ಸು. ಊಟದ ಮೇಜಿನ ಮೇಲೆ ಅದನ್ನಿಟ್ಟು ಎಲ್ಲರೂ ಬಗ್ಗಿ ನೋಡುತ್ತಾರೆ. ಬಿಸಿ ಚಮಚದಿಂದ ಒತ್ತಿ ಮಾಡಿದ ಡೊಂಕು, ಅದರ ಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಚೌಕ, ಚೌಕದಲ್ಲಿ ಅಂಕಿ. ತಾಯಿಯ ಪುಟ್ಟ ಗೊಂಬೆ ಮಾತ್ರ ಬೆಂಕಿಪೊಟ್ಟಣದಲ್ಲಿ ಬೇರೆಯಾಗಿದೆ.

"ಅಂಟಿಸಿಲ್ಲ ಮೇಡಂ. ಇಷ್ಟು ಕಷ್ಟಪಟ್ಟು ಹುಡುಕಿಕೊಟ್ಟಿದ್ದೀರಿ, ನಂಬರ್ ಕಾಣ್ಲಿ ಅಂತ. ಅಮ್ಮನ್ನ ಬಾಗಿಲ ಹತ್ರ ನಿಲ್ಲಿಸ್ಲಾ?"

"ಹೌದು, ಅಲ್ಲೇ ನಿಲ್ಲಿಸಿ. ಕೂತು ಕೂತು ನನ್ನ ಸೊಂಟ ಬಿದ್ದುಹೋಗಿದೆ, ಆ ನಂಬರ್ ನಾಲ್ಕು ಜನ ನೋಡ್ಲಿ" ಎನ್ನುತ್ತಾರೆ ಅಕ್ಕ.

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಬೇಕರಿಯವರ ನಡುಗುವ ಕೈಯಿಂದ ಚಿಮಟ ತೆಗೆದುಕೊಂಡು, ಗೊಂಬೆಯ ಕಾಲಿಗೆ ಅಂಟು ತಾಗಿಸಿ, ಉಸಿರು ಹಿಡಿದು, ಸರಿಯಾಗಿ ಬಲ ಮಡ್‌ಗಾರ್ಡಿನ ಮುಂದೆ ಇಳಿಸುತ್ತಾರೆ. ಚೌಕವೂ ಇಲ್ಲ, ಅಂಕಿಯೂ ಇಲ್ಲ, ಡೊಂಕೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟ ಹುಡುಗಿಯೊಬ್ಬಳು ನಗುತ್ತಾ ನಿಂತಿದ್ದಾಳೆ. ಬೇಕರಿಯವರು ಕರವಸ್ತ್ರ ಹುಡುಕುತ್ತಾರೆ.

"ಏನೇ ಇದು, ಅಷ್ಟು ಹುಡುಕಿದ್ದೆಲ್ಲ ಮುಚ್ಚಿಹೋಯ್ತಲ್ಲ" ಎಂದು ಅಕ್ಕ ರೇಗುತ್ತಾರೆ.

"ಇರ್ಲಿ ಬಿಡಕ್ಕ," ಅನ್ನುತ್ತಾರೆ ಚಿಕ್ಕಮ್ಮ, ಚಿಮಟ ಒರೆಸಿಡುತ್ತಾ. "ಅಷ್ಟು ವರ್ಷ ಯಾರ ಕೈಗೂ ಸಿಗದ ಹಾಗೆ ಮುಚ್ಚಿಟ್ಟುಕೊಂಡಿದ್ದಾರೆ. ಈಗ ನಾವು ಹಿಡ್ಕೊಡೋದಾ?"