ಸೋದರಮಾವನ ಒಪ್ಪಿಗೆ

ನನ್ನ ಮಗಳ ಮಗಳನ್ನು ಹತ್ತನೇ ಕ್ಲಾಸಿಗೆ ಕಾಲಿಡುವ ಮೊದಲೇ ಹೊರಗೆ ಹಾಕಿದ್ದು ಶಾಲೆಯಲ್ಲ, ನನ್ನ ಮಗ. ಶಾಲೆ ಕೇಳಿತು, ಇವನು ಹೂಂ ಅಂದ. ನಡೆದದ್ದು ಇಷ್ಟೇ. ಆಮೇಲೆ ನಮ್ಮ ಮನೆಯಲ್ಲಿ ಇದಕ್ಕೆ ಬಣ್ಣ ಹಚ್ಚಿದವರಿದ್ದಾರೆ. ಹುಡುಗಿಯ ಒಳ್ಳೆಯದಕ್ಕೇ ಮಾಡಿದ್ದು ಅಂತ ಒಬ್ಬರು, ಈಗ ಎಲ್ಲ ಕಡೆಯೂ ಹೀಗೇ ಅಂತ ಇನ್ನೊಬ್ಬರು. ನನಗೆ ಆ ಕೆಲಸ ಬರುವುದಿಲ್ಲ.

ನಾನು ಓದಿದ್ದು ನಾಲ್ಕನೆಯವರೆಗೆ. ಮದುವೆಯಾಗಿ ಉಡುಪಿ ಕಡೆಯಿಂದ ಡೊಂಬಿವಲಿಗೆ ಬಂದೆ. ಗಂಡ ಸ್ಟೇಷನ್ನಿನ ಹತ್ತಿರ ಹೋಟೆಲು ಹಾಕಿದರು. ಅವರು ಹೋದಮೇಲೆ ಮಗ ನೋಡಿಕೊಳ್ಳುತ್ತಿದ್ದಾನೆ. ಮಗಳನ್ನು ದೂರವೇನೂ ಕೊಡಲಿಲ್ಲ, ಮುಂದಿನ ಸ್ಟೇಷನ್ನು ಠಾಕುರ್ಲಿಯಲ್ಲೇ ಇದ್ದಾಳೆ. ಅಳಿಯನಿಗೆ ರಬಾಳೆಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಮಗಳು ಠಾಣೆಯ ನೌಪಾಡಾದಲ್ಲಿ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ಮಗನಿಗೆ ಒಬ್ಬ ಮಗ, ಮಗಳಿಗೆ ಒಬ್ಬಳು ಮಗಳು. ಇಬ್ಬರೂ ಒಂದೇ ವಯಸ್ಸಿನವರು. ನಮ್ಮ ಮನೆಯ ಹತ್ತಿರದ, ಸರ್ಕಾರದ ಅನುದಾನದಲ್ಲಿ ನಡೆಯುವ ಮರಾಠಿ ಹೈಸ್ಕೂಲಿನಲ್ಲಿ ಒಂದೇ ಕ್ಲಾಸು. ಶಾಲೆ ಬಿಟ್ಟಮೇಲೆ ಹುಡುಗಿ ನನ್ನಲ್ಲಿ ಊಟ ಮಾಡಿ, ಸಂಜೆ ತಾಯಿ ಬಂದಮೇಲೆ ಅವಳ ಜೊತೆ ಹೋಗುವುದು.

ಶಾಲೆ ಒಂದೇ, ಆದರೆ ನನ್ನ ಮಗ, ಮಗಳು ಅದರ ವಿಷಯ ಮಾತಾಡಲು ಕೂತರೆ ಎರಡು ಊರಿನ ಎರಡು ಶಾಲೆಯ ಸುದ್ದಿ ಕೇಳಿದ ಹಾಗಿರುತ್ತಿತ್ತು. ಮಗ ಹೋದರೆ ಹೆಡ್‌ಮಾಸ್ತರು ಎದ್ದು ನಿಂತು ಬನ್ನಿ ಅಣ್ಣಾ ಅನ್ನುತ್ತಿದ್ದರು. ಚಹಾ ಬರುತ್ತಿತ್ತು. ಶಾಲೆ ನಡೆಸುವ ಸಂಸ್ಥೆಯವರು ಭಾನುವಾರ ನಮ್ಮ ಹೋಟೆಲಿಗೇ ಬಂದು ಮಸಾಲೆ ದೋಸೆ ತಿನ್ನುವವರು. ಶಾಲೆಯ ವಾರ್ಷಿಕೋತ್ಸವಕ್ಕೆ ಉಪ್ಪಿಟ್ಟು, ಶಿರಾ ನಮ್ಮಿಂದಲೇ ಹೋಗುವುದು. ಇಂಥ ಶಾಲೆ ಬೇರೆಲ್ಲಿ ಸಿಗುತ್ತದೆ ಅನ್ನುತ್ತಿದ್ದ ಅವನು. ಮಗಳು ಹೋದರೆ ಹೊರಗೆ ನಿಲ್ಲಬೇಕು. ಅರ್ಧ ದಿನದ ರಜೆ ಹಾಕಿ ಹೋಗಿ, ಗೋಡೆಗೆ ಒರಗಿ ನಿಂತು, ಕೊನೆಗೆ ಶಾಲೆಯ ಶಿಪಾಯಿ ಬಂದು ಟೀಚರಿಗೆ ಬಿಡುವಿಲ್ಲ ಅನ್ನುವುದು. ಏನು ಕೇಳಿದರೂ, ಹುಡುಗಿಯ ಮಾಮಾನ ಹತ್ತಿರ ಮಾತಾಡಿದ್ದೇವೆ ಅನ್ನುವ ಉತ್ತರ.

ಅವಳು ಇದನ್ನು ಹೇಳಿದಾಗಲೆಲ್ಲ ನಾವು ನಕ್ಕುಬಿಡುತ್ತಿದ್ದೆವು. ನಿನ್ನ ಮಾತೇ ಖಾರ, ಅದಕ್ಕೇ ನಿಲ್ಲಿಸುತ್ತಾರೆ ಅಂತ ಮಗ ಚುಚ್ಚುತ್ತಿದ್ದ. ನಮ್ಮ ಹೋಟೆಲಿನಲ್ಲಿ ಚಪಾತಿ ಲಟ್ಟಿಸುವ ಹೆಂಗಸೊಬ್ಬಳು ಇದಕ್ಕೆ ಒಂದು ವರ್ಷ ಮೊದಲೇ ಹೇಳಿದ್ದಳು, ಆ ಶಾಲೆಯವರು ದಡ್ಡ ಮಕ್ಕಳನ್ನು ಒಂಬತ್ತನೆಯಲ್ಲೇ ಕಳಚಿಬಿಡುತ್ತಾರೆ, ನನ್ನ ಮಗನನ್ನೂ ಕಳಚಿದರು ಅಂತ. ಅವನೇ ಏನೋ ಕಿತಾಪತಿ ಮಾಡಿರಬೇಕು ಅಂದುಕೊಂಡೆವು.

ಮಗಳನ್ನು ಬಿಟ್ಟು ಮಾವನನ್ನೇ ಯಾಕೆ ಕೇಳುತ್ತಿದ್ದರು ಅನ್ನುವುದಕ್ಕೆ ಕಾರಣ ಇದೆ. ಮಕ್ಕಳನ್ನು ಶಾಲೆಗೆ ಸೇರಿಸುವ ದಿನ ಅಳಿಯನಿಗೆ ಶಿಫ್ಟು, ಮಗಳಿಗೆ ರಜೆ ಇಲ್ಲ. ಮಗ ಇಬ್ಬರನ್ನೂ ಸ್ಕೂಟರಿನಲ್ಲಿ ಕರೆದುಕೊಂಡು ಹೋದ. ಪಾಲಕರು ಯಾರು ಅಂತ ಕೇಳಿದಾಗ ಇಬ್ಬರಿಗೂ ತನ್ನದೇ ಹೆಸರು ಹೇಳಿದ. ನಮಗೆ ಯಾರಿಗೂ ಇದು ವಿಚಿತ್ರ ಅನಿಸಲಿಲ್ಲ. ನಮ್ಮದು ಅಳಿಯಸಂತಾನದ ಕಟ್ಟು. ಅಕ್ಕತಂಗಿಯರ ಮಕ್ಕಳೇ ನಮ್ಮ ಕುಟುಂಬದ ಮಕ್ಕಳು, ಅವರಿಗೆ ಸೋದರಮಾವನೇ ಯಜಮಾನ. ತೊಟ್ಟಿಲಿಗೆ ಹಾಕುವಾಗಲೂ ಅವನು ಬೇಕು, ಮದುವೆಯ ಮಾತಿಗೂ ಅವನು ಬೇಕು. ಶಾಲೆಗೆ ಮಾತ್ರ ಯಾಕೆ ಬೇಡ? ಅಳಿಯನೂ ಭಾವ ಇದ್ದಾರಲ್ಲ ಅಂತ ಆರಾಮಾಗಿದ್ದ. ಮರಾಠಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ತಂದೆತಾಯಿಗೆ ಈ ಹುಡುಗಿಯ ಬಗ್ಗೆ ಕಾಳಜಿ ಇಲ್ಲ, ಮಾವನೇ ಸಾಕುವುದು ಅಂತ ತಿಳಿದುಕೊಂಡರು. ತಾಯಿ ಬಂದು ನಿಂತರೆ ಯಾರೋ ನಿಂತ ಹಾಗೆ.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಹುಡುಗಿ ಊಟದ ಹೊತ್ತಿಗಿಂತ ಬಹಳ ಮೊದಲೇ ಮನೆಗೆ ಬಂದಳು. ಹೊಸ ಯೂನಿಫಾರ್ಮು, ಬೆನ್ನಿಗೆ ಚೀಲ. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತಳು. ನಾನು ಮನೆಯಲ್ಲಿ ತುಳು ಮಾತಾಡಿದರೆ ಅವಳು ಉತ್ತರ ಕೊಡುವುದು ಮರಾಠಿಯಲ್ಲೇ.

"ಆಜೀ, ಹಜೇರೀತ್ ಮಾಝಂ ನಾವಚ್ ನಾಹೀ," ಅಂದಳು. ಹಾಜರಿಯಲ್ಲಿ ಅವಳ ಹೆಸರೇ ಇಲ್ಲ.

ಟೀಚರು ಎಲ್ಲರ ಹೆಸರು ಕರೆದು ಮುಗಿಸಿ, ನೀನು ಯಾಕೆ ಬಂದಿದ್ದೀ, ನೀನು ಸತ್ರಾ ನಂಬರಿನವಳಲ್ಲವಾ ಅಂದರಂತೆ. ಸತ್ರಾ ನಂಬರು ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ಅವಳೇ ಹೇಳಿದಳು. ಹದಿನೇಳು ನಂಬರಿನ ಫಾರ್ಮು ತುಂಬಿ, ಶಾಲೆಗೆ ಹೋಗದೆ, ಮನೆಯಲ್ಲೇ ಓದಿ, ಹತ್ತನೇ ಪರೀಕ್ಷೆಗೆ ಹೊರಗಿನವರ ಹಾಗೆ ಕೂರುವುದು. ಹಾಗೆ ಬರೆದವರು ಫೇಲಾದರೂ ಅದು ಶಾಲೆಯ ರಿಸಲ್ಟಿಗೆ ಅಂಟುವುದಿಲ್ಲ. ಬೋರ್ಡಿನ ಮೇಲೆ ನೂರಕ್ಕೆ ನೂರು ಅಂತ ಬರೆದುಕೊಳ್ಳಬಹುದು.

ನಾನು ನಂಬಲಿಲ್ಲ. ಒಂಬತ್ತನೆಯದು ಪಾಸು ಅಂತ ಮಗನೇ ತಂಗಿಗೆ ಫೋನಿನಲ್ಲಿ ಹೇಳಿದ್ದ. ಪಾಸಾದ ಹುಡುಗಿಯನ್ನು ಹೇಗೆ ತೆಗೆಯುತ್ತಾರೆ? ಹೆಸರು ಬಿಟ್ಟುಹೋಗಿರಬೇಕು ಅಂತ ಅವಳಿಗೂ ಹೇಳಿ, ನನಗೂ ಹೇಳಿಕೊಂಡು, ಮಗಳಿಗೆ ಫೋನು ಮಾಡಿದೆ. ಅವಳು ಅಂಗಡಿಯಿಂದ ನೇರ ಶಾಲೆಗೆ ಹೋದಳು. ಅಲ್ಲಿಂದ ಮನೆಗೆ ಬಂದಾಗ ಅವಳ ಮುಖ ನೋಡಿ ನಾನು ನೀರು ತರಲು ಒಳಗೆ ಹೋದೆ, ಎಂತ ಆಯಿತು ಅಂತ ಕೇಳಲು ಧೈರ್ಯ ಬರಲಿಲ್ಲ. ಹೆಸರು ಬಿಟ್ಟುಹೋದದ್ದಲ್ಲ. ಗಣಿತದಲ್ಲಿ ಕಷ್ಟದಿಂದ ಪಾಸಾದವರನ್ನು ಆರಿಸಿ, ಪಾಲಕರನ್ನು ಒಬ್ಬೊಬ್ಬರನ್ನೇ ಕರೆದು, ನೀವಾಗಿಯೇ ಬಿಡಿಸಿಕೊಳ್ಳಿ ಅಂದಿದ್ದಾರೆ. ಇವಳ ಪಾಲಕ ಪರೀಕ್ಷೆ ಮುಗಿದ ತಿಂಗಳೇ ಬಂದು ಸಹಿ ಹಾಕಿ ಹೋಗಿದ್ದಾನೆ.

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಮಗ ಮನೆಗೆ ಬಂದು ಸ್ವಲ್ಪ ಮಲಗುವುದು ರೂಢಿ. ಅವತ್ತೂ ಬಂದ. ತಂಗಿ ಕೂತಿರುವುದನ್ನು ಕಂಡಕೂಡಲೇ ಅವನಿಗೆ ತಿಳಿಯಿತು. ಅಂಗಿಯ ಗುಂಡಿ ತೆಗೆಯುತ್ತಿದ್ದವನು ಮತ್ತೆ ಹಾಕಿಕೊಂಡ.

"ಅಣ್ಣ, ಅವಳ ಹೆಸರು ತೆಗೆಸಿದ್ದು ನೀನಾ?"

"ತೆಗೆಸಿದ್ದಲ್ಲ. ಅವರು ಹೇಳಿದ್ರು, ನಾನು ಒಪ್ಪಿದೆ."

"ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ?"

"ಕೇಳಿದ್ರೆ ನೀನು ಹೋಗಿ ಜಗಳ ಮಾಡ್ತಿದ್ದೆ. ನನಗೆ ಅಲ್ಲಿ ನಾಳೆಯೂ ಮುಖ ತೋರಿಸ್ಲಿಕ್ಕುಂಟು."

ಆಮೇಲೆ ಹೇಳೋಣ ಅಂತಿದ್ದನಂತೆ. ಹೋಟೆಲಿನ ಹುಡುಗರೆಲ್ಲ ರಜೆಯಲ್ಲಿ ಊರಿಗೆ ಹೋಗಿದ್ದರು, ಕೈಯಲ್ಲಿ ಜನ ಇರಲಿಲ್ಲ, ಹೊತ್ತು ಸಿಗಲಿಲ್ಲ. ಹೊರಗಿನಿಂದ ಬರೆದರೆ ಎಂತ ಆಗುತ್ತದೆ, ಒಳ್ಳೆಯ ಟ್ಯೂಷನ್ನಿಗೆ ತಾನೇ ಸೇರಿಸುತ್ತೇನೆ, ಖರ್ಚು ತನ್ನದು. ಹೀಗೆ ಒಂದರ ಹಿಂದೆ ಒಂದು ಹೇಳಿದ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳಿಗೂ ಗೊತ್ತಿರಲಿಲ್ಲ, ಅದು ಅವಳ ಮುಖದಲ್ಲೇ ಇತ್ತು.

ನಾನು ಮಗನನ್ನು ಕೇಳಿದೆ, "ನಿನ್ನ ಮಗನಿಗೆ ಗಣಿತದಲ್ಲಿ ಎಷ್ಟು ಬಂತು?"

ಅವನು ಫ್ಯಾನಿನ ಸ್ವಿಚ್ಚಿನ ಕಡೆ ಹೋದ. ಸೊಸೆಯೇ ಹೇಳಿದಳು, "ಅತ್ತೆ, ನಮ್ಮವನದ್ದು ಇವಳಿಗಿಂತ ಕಡಿಮೆ." ಹೇಳಿಯಾದಮೇಲೆ ಅವಳಿಗೇ ಏನೋ ಹೊಳೆದು, ಗಂಡನ ಕಡೆ ತಿರುಗಿದಳು. "ಹಾಗಾದ್ರೆ ಅವನನ್ನು ಹೇಗೆ ಇಟ್ಟುಕೊಂಡ್ರು?"

ಆಗ ಪೂರ್ತಿ ಹೊರಗೆ ಬಂತು. ಹೆಡ್‌ಮಾಸ್ತರು ಚಹಾ ತರಿಸಿ, ಅಣ್ಣಾ, ನಿಮ್ಮ ಮನೆಯ ಎರಡು ಮಕ್ಕಳೂ ಹಿಂದೆ ಇದ್ದಾರೆ, ನಿಮ್ಮ ಮುಖ ನೋಡಿ ಒಬ್ಬರನ್ನು ಹೇಗಾದರೂ ದಾಟಿಸುತ್ತೇನೆ, ಇಬ್ಬರು ಆಗುವುದಿಲ್ಲ, ಯಾರು ಅಂತ ನೀವೇ ಹೇಳಿ ಅಂದಿದ್ದಾರೆ. ಇವನು ಹೇಳಿದ್ದಾನೆ.

"ಗಂಡು ಹುಡುಗ ಅಮ್ಮ. ನಾಳೆ ಗಲ್ಲಾದಲ್ಲಿ ಕೂರುವವನು. ಅವನು ಹೊರಗಿನಿಂದ ಬರೆದ ಅಂದ್ರೆ ಜನ ಎಂತ ಹೇಳ್ತಾರೆ?"

ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇನ್ನೊಮ್ಮೆ ಹೇಳು ಅಂದೆ. ಅವನು ಅದನ್ನೇ ಇನ್ನೊಮ್ಮೆ ಹೇಳಿದ. ನಾಳೆಗೆ ಎಷ್ಟು ಹಾಲು ಬೇಕು ಅಂತ ಹಾಲಿನವನಿಗೆ ಹೇಳುವ ದನಿಯಲ್ಲೇ ಹೇಳಿದ. ಕುಡಿಯುವವನಲ್ಲ, ಸುಳ್ಳನಲ್ಲ, ಯಾರಿಗೂ ಮೋಸ ಮಾಡಿದವನಲ್ಲ. ತಂಗಿಯ ಬಾಣಂತನದಲ್ಲಿ ಆಸ್ಪತ್ರೆಯ ಕಟ್ಟೆಯಲ್ಲಿ ಮಲಗಿದ್ದವನು. ಕೆಟ್ಟವನು ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಇವನು ಮಾಡಿದ್ದನ್ನು ಎಲ್ಲಿ ಇಡುವುದು ಅಂತ ನನಗೆ ತಿಳಿಯಲಿಲ್ಲ. ಕುಟುಂಬದ ಮಗು ಅಂತ ಹೇಳಿ ಇವಳಿಗೆ ಪಾಲಕನಾಗಿ ನಿಂತ. ಆ ಪಾಲಕ ಅನ್ನುವ ಹೆಸರಿನಿಂದಲೇ ಇವಳನ್ನು ತೆಗೆದ. ಪಕ್ಕದ ಮನೆಯವನಿಗೆ ಇದನ್ನು ಮಾಡಲಿಕ್ಕೆ ಸಾಧ್ಯವೇ ಇರಲಿಲ್ಲ.

ಮಗಳು ಅಳಲಿಲ್ಲ. ಗಂಡನಿಗೆ ಫೋನು ಹಚ್ಚಿದಳು. ಅವನು ಮೆಷಿನಿನ ಸದ್ದಿನ ನಡುವೆ ಎಲ್ಲ ಕೇಳಿ, ಭಾವ ಏನಾದರೂ ಯೋಚನೆ ಮಾಡಿಯೇ ಮಾಡಿರುತ್ತಾರೆ ಅಂದ. ಅವಳು ಫೋನು ಇಟ್ಟಳು.

ಹುಡುಗಿ ಒಳಗಿನ ಕೋಣೆಯಲ್ಲಿದ್ದಳು. ಅವಳಿಗೆ ಎಲ್ಲ ಕೇಳಿಸುತ್ತದೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಹೊರಗೆ ಬಂದು ಮಾವನ ಎದುರು ನಿಂತಳು. ಜಗಳದ ಮುಖ ಇರಲಿಲ್ಲ. ಮೆಲ್ಲಗೆ ಹೇಳಿದಳು, "ಮಾಮಾ, ಮಲಾ ವಿಚಾರಲಂ ಅಸತಂ ತರ್ ಮೀ ಹೋ ಮ್ಹಣಾಲೇ ಅಸತೇ."

ಮಾವ, ನನ್ನನ್ನು ಕೇಳಿದ್ದರೆ ನಾನೇ ಹೂಂ ಅನ್ನುತ್ತಿದ್ದೆ.

ಮಗ ಮಾಡಿದ್ದಕ್ಕಿಂತ ಹೆಚ್ಚು ನನ್ನ ಎದೆಗೆ ಹೊಡೆದದ್ದು ಇದು. ಅವಳು ವ್ಯಂಗ್ಯಕ್ಕೆ ಹೇಳಿದ್ದಲ್ಲ, ನಿಜವಾಗಿ ಹೇಳಿದ್ದು. ಮಾವನ ಮಗನಿಗೆ ಜಾಗ ಬಿಡಬೇಕು ಅಂದರೆ ಬಿಡುತ್ತಿದ್ದಳು, ಬಿಟ್ಟು ಬಂದು ನನ್ನ ಜೊತೆ ಊಟಕ್ಕೆ ಕೂರುತ್ತಿದ್ದಳು. ಈ ವಯಸ್ಸಿಗೇ ಹೂಂ ಅನ್ನುವುದನ್ನು ಇಷ್ಟು ಚೆನ್ನಾಗಿ ಯಾವಾಗ ಕಲಿತಳು? ಮಗನಿಗೂ ತಟ್ಟಿರಬೇಕು. ನೋಡಿದೆಯಾ, ಅವಳಿಗೇ ಬೇಜಾರಿಲ್ಲ ಅಂತ ಅವನು ಹೇಳಬಹುದಿತ್ತು, ಹೇಳಲಿಲ್ಲ. ಮಲಗದೆ ಹೋಟೆಲಿಗೆ ಹೋದ.

ಮರುದಿನ ಬೆಳಿಗ್ಗೆ ನಾನು ಸೊಸೆಗೆ ಮಾತ್ರ ಹೇಳಿ ಮನೆಯಿಂದ ಇಳಿದೆ. ಮಗಳೂ ಮೊಮ್ಮಗಳೂ ಠಾಕುರ್ಲಿಯಿಂದ ಬಂದು ಸ್ಟೇಷನ್ನಿನ ಹೊರಗೆ ನಿಂತಿದ್ದರು. ಹುಡುಗಿಗೆ ಯೂನಿಫಾರ್ಮು ಹಾಕಿಸಿಯೇ ಕರೆದುಕೊಂಡು ಬಾ ಅಂದಿದ್ದೆ, ಹಾಗೇ ಕರೆದುಕೊಂಡು ಬಂದಿದ್ದಳು. ಮೂವರೂ ಶಾಲೆಗೆ ಹೋದೆವು. ಶಿಪಾಯಿ ನಿಲ್ಲಿ ಅಂದ, ನನಗೆ ಮಂಡಿ ನೋವು, ನಿಲ್ಲಲಿಕ್ಕೆ ಆಗುವುದಿಲ್ಲ ಅಂತ ಒಳಗೆ ನಡೆದೆ. ಹೆಡ್‌ಮಾಸ್ತರು ನನ್ನನ್ನು ಗುರುತಿಸಿ, ಅಣ್ಣಾ ಬರಲಿಲ್ಲವಾ ಅಂದರು. ಅವನು ಇನ್ನು ಈ ಹುಡುಗಿಯ ವಿಷಯಕ್ಕೆ ಬರುವುದಿಲ್ಲ, ಇವಳು ತಾಯಿ, ಕೇಳುವುದಿದ್ದರೆ ಇವಳನ್ನು ಕೇಳಿ ಅಂದೆ. ನನ್ನದು ಸಂತೆಯಲ್ಲಿ ಕಲಿತ ಮರಾಠಿ, ಆದರೂ ಅವರಿಗೆ ಅರ್ಥವಾಯಿತು.

ಮಾಮಾ ಒಪ್ಪಿದ್ದಾರಲ್ಲ ಅಂದರು. ನಾನು ಒಪ್ಪಿಲ್ಲ ಅಂದಳು ಮಗಳು. ಹುಡುಗಿ ಫೇಲಾದರೆ ಅಂದರು.

"ಫೇಲಾದ್ರೆ ಇಲ್ಲೇ ಕೂತು ಫೇಲಾಗ್ಲಿ ಸರ್," ಅಂದಳು. ಅವಳ ಮರಾಠಿ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ, ನಾನು ಇಲ್ಲಿ ಕನ್ನಡದಲ್ಲಿ ಬರೆದೆ.

ಸಂಸ್ಥೆಯವರನ್ನು ಕೇಳಬೇಕು, ಸ್ವಲ್ಪ ದಿನ ಬಿಟ್ಟು ಬನ್ನಿ ಅಂದರು. ಮಗಳು ಕುರ್ಚಿ ಎಳೆದುಕೊಂಡು ಕೂತು, ಈಗಲೇ ಫೋನು ಮಾಡಿ ಕೇಳಿ ಅಂದಳು. ನಾನು ಅವಳನ್ನು ಅಲ್ಲೇ ಬಿಟ್ಟು, ಹುಡುಗಿಯ ಕೈ ಹಿಡಿದು ಮೇಲಿನ ಮಾಳಿಗೆಗೆ ಹತ್ತಿದೆ. ಹತ್ತನೇ ಕ್ಲಾಸಿನಲ್ಲಿ ಟೀಚರು ಹಾಜರಿ ಮುಗಿಸಿ ಪಾಠ ತೆಗೆದಿದ್ದರು. ಹುಡುಗಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು, ನಾನು ಕೇಳುತ್ತೇನೆ ಅಂತ.

"ನೀನೇ ಕೇಳು," ಅಂದೆ.

ಕೇಳಿದಳು. ಒಳಗೆ ಬರಲಾ ಅಂದದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಟೀಚರು ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೇಳು ಅಂದೆ. ಎರಡನೇ ಸಲ ಅವಳ ದನಿಗೆ ಹಿಂದಿನ ಬೆಂಚಿನವರೂ ತಿರುಗಿ ನೋಡಿದರು. ಟೀಚರು ಅವಳನ್ನು ನೋಡಿ, ನನ್ನನ್ನು ನೋಡಿ, ಕೈಯಲ್ಲೇ ಒಂದು ಬೆಂಚು ತೋರಿಸಿದರು. ಅವಳು ಹೋಗಿ ಕೂತಳು. ನಾನು ಕ್ಲಾಸಿನ ಬಾಗಿಲಿಗೆ ಅಡ್ಡ, ನೆಲದ ಮೇಲೆ ಕೂತೆ. ಅವಳನ್ನು ಎಬ್ಬಿಸಲು ಯಾರಾದರೂ ಬಂದರೆ ಮೊದಲು ನನ್ನನ್ನು ಎಬ್ಬಿಸಬೇಕಾಗಿತ್ತು.