ಬಾಲದ ಪಟ್ಟಿ ನಾನು ನೋಡಲಿಲ್ಲ

ನೋಡಬೇಕಿತ್ತು, ನೋಡಲಿಲ್ಲ. ನನ್ನ ತಮ್ಮ ತಂತಿ ಕಟ್ಟಿದ ಸಣ್ಣ ವಿಮಾನ ಹಾರಿಸುವಾಗ ನನಗಿದ್ದ ಕೆಲಸ ತೀರಾ ಸಣ್ಣದು. ಅವನು ದೂರ ನಿಂತು ಹಿಡಿಕೆಯನ್ನು ಮೇಲೆ ವಾಲಿಸಿದಾಗ ವಿಮಾನದ ಬಾಲದಲ್ಲಿರುವ ಪಟ್ಟಿಯೂ ಮೇಲೆ ಏಳುತ್ತದೋ ಇಲ್ಲವೋ ಎಂದು ನೋಡಿ ಹೇಳುವುದು, ಅಷ್ಟೇ. ಆ ವರ್ಷ ಆಯುಧ ಪೂಜೆಯ ದಿನ ನಾನು ನೋಡದೆಯೇ ಸರಿ ಇದೆ ಎಂದುಬಿಟ್ಟೆ. ಆಮೇಲೆ, ನಾನು ನೋಡಿರಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ. ಮೊದಲನೆಯದು ಒಂದು ಗಳಿಗೆಯ ತಪ್ಪು. ಎರಡನೆಯದನ್ನು ದಿನವೂ ಎದ್ದು ಮತ್ತೆ ಮತ್ತೆ ಮಾಡಿದೆ.

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಮಾನ್ವಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತೇನೆ. ಮದುವೆಯಾಗಿ ಬಂದದ್ದು ಇದೇ ಊರಿಗೆ. ಗಂಡ ಬೇಗ ತೀರಿಕೊಂಡ. ಆಗ ತಮ್ಮ ಬಂದು, "ಇಲ್ಲಿ ಒಬ್ಬಾಕಿ ಕುಂತು ಏನ್ ಮಾಡ್ತಿ ಅಕ್ಕಾ? ಮಷೀನ್ ಸುದ್ದಾ ತಗೊಂಡು ನಡಿ" ಎಂದು ರಾಯಚೂರಿಗೆ ಕರೆದುಕೊಂಡು ಹೋದ. ಅವನು ಅಲ್ಲಿನ ಒಂದು ಅಕ್ಕಿ ಮಿಲ್ಲಿನಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ. ಗೂಡ್ಸ್ ರೈಲು ಹೋದರೆ ಗೋಡೆಗೆ ತೂಗುಹಾಕಿದ ಕತ್ತರಿ ಅಲುಗಾಡುತ್ತಿತ್ತು.

ಅವನಿಗೆ ವಿಮಾನದ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಅದು ರಿಮೋಟ್ ಒತ್ತಿ ಹಾರಿಸುವ ವಿಮಾನವಲ್ಲ. ವಿಮಾನದ ಎಡ ರೆಕ್ಕೆಯೊಳಗಿಂದ ಎರಡು ಸಣ್ಣ ಉಕ್ಕಿನ ತಂತಿ ಹೊರಗೆ ಬರುತ್ತವೆ, ಕೂದಲಿಗಿಂತ ತುಸು ದಪ್ಪ. ಅವುಗಳ ಇನ್ನೊಂದು ತುದಿ ಹಾರಿಸುವವನ ಕೈಯಲ್ಲಿರುವ ಹಿಡಿಕೆಗೆ. ವಿಮಾನ ಅವನ ಸುತ್ತ ಗಾಣದ ಎತ್ತಿನಂತೆ ತಿರುಗುತ್ತದೆ, ಅವನೂ ನಡುವೆ ನಿಂತು ಜೊತೆಗೇ ತಿರುಗುತ್ತಾನೆ. ಹಿಡಿಕೆ ಮೇಲೆ ವಾಲಿಸಿದರೆ ಒಂದು ತಂತಿ ಎಳೆದು ಬಾಲದ ಪಟ್ಟಿ ಏಳುತ್ತದೆ, ವಿಮಾನ ಮೇಲೇರುತ್ತದೆ. ಕೆಳಗೆ ವಾಲಿಸಿದರೆ ಇನ್ನೊಂದು ತಂತಿ, ವಿಮಾನ ಕೆಳಗೆ. ಇಷ್ಟರಲ್ಲೇ ಪಲ್ಟಿ ಹೊಡೆಸಬಹುದು, ಬೆನ್ನ ಮೇಲೆ ಮಲಗಿಸಿ ಓಡಿಸಬಹುದು, ಗಾಳಿಯಲ್ಲಿ ಎಂಟರ ಅಂಕಿ ಬರೆಸಬಹುದು.

ಕೋಣೆಯೊಳಗೆ ಅವನು ಚಪ್ಪಲಿಯೊಂದನ್ನು ವಿಮಾನದಂತೆ ಹಿಡಿದು ಗರಗರ ತಿರುಗುತ್ತ ಅಭ್ಯಾಸ ಮಾಡುತ್ತಿದ್ದ. ತಲೆ ಸುತ್ತಿ ನನ್ನ ಬಟ್ಟೆಯ ಗಂಟಿನ ಮೇಲೆ ಬೀಳುತ್ತಿದ್ದ. ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ ಪಕ್ಕದ ಮನೆಯಾಕೆ ಕೇಳಿದಳು.

"ಏನವ್ವಾ, ನಿನ್ನ ತಮ್ಮಗ ಗಾಳಿ ಏನರ ಬಡದದೇನು? ದರ್ಗಾಕ್ಕ ಕರ್ಕೊಂಡು ಹೋಗಿ ತಾಯತ ಕಟ್ಟಸು."

"ಮದಿವಿ ಮಾಡಿದ್ರ ಇಳೀತದ ಬಿಡ್ರಿ" ಎಂದೆ ನಾನು.

"ಹಂಗಂದ್ರ ಇಬ್ರೂ ಕೂಡಿ ತಿರಗ್ತಾರ ಅಷ್ಟ" ಎಂದು ಆಕೆ ನಗುತ್ತ ಹೋದಳು.

ಆ ವಿಮಾನವನ್ನು ನಾವಿಬ್ಬರೂ ಸೇರಿ ಮಾಡಿದೆವು. ಹತ್ತಿಯಷ್ಟು ಹಗುರಾದ ಒಂದು ಜಾತಿಯ ಕಟ್ಟಿಗೆಯನ್ನು ಅವನು ಹೈದರಾಬಾದಿನಿಂದ ತರಿಸಿದ್ದ. ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ಬ್ಲೇಡಿನಲ್ಲಿ ಕತ್ತರಿಸಬೇಕಿತ್ತು. ಜಂಪರ್‌ಗೆ ಪೇಪರ್ ಕಟಿಂಗ್ ಇಡುವ ಹಾಗೆ ರಟ್ಟಿನಲ್ಲಿ ಅಳತೆ ತೆಗೆದು ಕೊಟ್ಟವಳು ನಾನು. ಮೇಲೆ ಹೊದಿಸುವ ತೆಳು ಹಾಳೆಯನ್ನು ಇಸ್ತ್ರಿ ಮಾಡಿ ಅಂಟಿಸಬೇಕು. ಇಸ್ತ್ರಿ ಹೆಚ್ಚು ಕಾದರೆ ತೂತು ಬೀಳುತ್ತದೆ, ಕಡಿಮೆಯಾದರೆ ಸುಕ್ಕು ನಿಲ್ಲುತ್ತದೆ. ಅದು ನನಗೆ ಅವನಿಗಿಂತ ಚೆನ್ನಾಗಿ ಬರುತ್ತಿತ್ತು. ಹಳದಿ ರೆಕ್ಕೆ, ಅಂಚಿಗೆ ನೀಲಿ ಪಟ್ಟಿ. ಬಣ್ಣ ಆರಿಸಿದ್ದೂ ನಾನೇ. ಮುಗಿದಾಗ ನಾನು ಎರಡೂ ತೋಳು ಚಾಚಿ ನಿಂತರೆ ಎಷ್ಟಾಗುತ್ತದೋ ಅಷ್ಟಗಲ ಇತ್ತು. ಮೂಗಿನಲ್ಲಿ ಮೋಟರು, ಹೊಟ್ಟೆಯಲ್ಲಿ ಬ್ಯಾಟರಿ. ಗುಂಡಿ ಒತ್ತಿದರೆ ಮೋಟರು ಕೂಡಲೇ ತಿರುಗುವುದಿಲ್ಲ, ಅವನು ನಡೆದು ಹೋಗಿ ಹಿಡಿಕೆ ಹಿಡಿಯುವಷ್ಟು ಪುರಸೊತ್ತು ಕೊಟ್ಟು ಆಮೇಲೆ ತಾನೇ ತಿರುಗುತ್ತದೆ. ಗೊತ್ತುಮಾಡಿದಷ್ಟು ಹೊತ್ತು ಹಾರಿದ ಮೇಲೆ ತಾನೇ ನಿಲ್ಲುತ್ತದೆ.

ಮಿಲ್ಲಿನ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ ಇತ್ತು. ಅದರ ಮೇಲೆ ಎಲ್ಲಿಯೂ ಕರೆಂಟಿನ ತಂತಿ ಹಾದುಹೋಗಿರಲಿಲ್ಲ. ಅವನು ಮೊದಲು ನೋಡಿದ್ದೇ ಅದನ್ನು. ಅಮಾವಾಸ್ಯೆಗೆ ಮಿಲ್ಲು ಬಂದ್ ಇರುತ್ತಿತ್ತು. ಹೀಗಾಗಿ ಉಳಿದವರು ಅಮಾವಾಸ್ಯೆಗೆ ಎಲ್ಲಿಗೂ ಹೊರಡಲು ಹಿಂಜರಿದರೆ ನಾವು ತಿಂಗಳಿಡೀ ಅದಕ್ಕೇ ಕಾಯುತ್ತಿದ್ದೆವು. ನಾನು ವಿಮಾನದ ಹಿಂದೆ ಮೊಣಕಾಲೂರಿ ಕುಳಿತು ಹಿಡಿದುಕೊಳ್ಳುವುದು. ಅವನು ದೂರದಿಂದ ಹಿಡಿಕೆ ಆಡಿಸಿ, "ಅಕ್ಕಾ, ಎದ್ದದೇನು?" ಎನ್ನುವುದು. ನಾನು ಬಾಲ ನೋಡಿ, "ಎದ್ದದ!" ಎನ್ನುವುದು. ಮೋಟರು ಗುಂಯ್ ಎಂದು ತಿರುಗಿ ಕೈಯೊಳಗೆ ಜಗ್ಗತೊಡಗಿದಾಗ ಬಿಡುವುದು. ಬಿಟ್ಟ ಮೇಲೆ ಕೈ ಖಾಲಿ ಖಾಲಿ ಅನ್ನಿಸುತ್ತಿತ್ತು.

ಒಂದು ಸಲ ನನ್ನ ಕೈಗೂ ಹಿಡಿಕೆ ಕೊಟ್ಟು, ಮೇಲೆ ತನ್ನ ಕೈ ಇಟ್ಟು ತಿರುಗಿಸಿದ. ಹಗ್ಗ ಕಟ್ಟಿದ ಕರು ತಾಯಿಯ ಕಡೆಗೆ ಜಗ್ಗಿದ ಹಾಗಿತ್ತು ಎಳೆತ. ಸುತ್ತಲಿನ ಗೋಡೆ, ಗೋದಾಮು, ಬೇವಿನಮರ ಎಲ್ಲ ಕಲೆಸಿಹೋಗಿ, ಕಣ್ಣಿಗೆ ಹಳದಿ ರೆಕ್ಕೆಯೊಂದೇ ನಿಂತಿತ್ತು. "ನೋಡ್ದೆ? ಇಲ್ಲಿ ನಿಂತ್ರ ಬ್ಯಾರೆ ಏನೂ ಕಾಣಂಗಿಲ್ಲ" ಎಂದ ಕಿವಿಯ ಹತ್ತಿರ. ಗಂಡ ಹೋದ ಮೇಲೆ ನನಗೆ ಯಾವುದೂ ನೆನಪಾಗದೆ ಕಳೆದ ಮೊದಲ ಗಳಿಗೆ ಅದು.

ಹೈದರಾಬಾದಿನಲ್ಲಿ ಇದೇ ಹುಚ್ಚಿನ ನಾಲ್ಕು ಜನ ಇದ್ದರು. ಫೋನಿನಲ್ಲಿ ಪರಿಚಯವಾದವರು. ದಸರೆ ಮುಗಿಸಿಕೊಂಡು ವಿಮಾನ ತೆಗೆದುಕೊಂಡು ಬಾ, ನಮ್ಮ ಮುಂದೆ ಹಾರಿಸು ಎಂದು ಕರೆದಿದ್ದರು. ಆಯುಧ ಪೂಜೆಯ ದಿನ ಮಿಲ್ಲಿನ ಪೂಜೆಯಾದ ಮೇಲೆ ನಮ್ಮ ಮಂದಿಯ ಎದುರಿಗೆ ಹಾರಿಸಿ ತೋರಿಸು ಎಂದು ಮಿಲ್ಲಿನ ಮಾಲೀಕರಾದ ಸಾವುಕಾರರೂ ಹೇಳಿದ್ದರು.

ಅಂದು ತಮ್ಮ ನಸುಕಿನಲ್ಲೇ ಮಿಲ್ಲಿಗೆ ಬಾಳೆಕಂಬ ಕಟ್ಟಲು ಹೋದ. ನಾನು ಮನೆಯಲ್ಲಿ ಪೂಜೆಗೆ ಅಣಿ ಮಾಡಿದೆ. ಹೊಲಿಗೆ ಮಷೀನು ಒರೆಸಿದೆ, ಕತ್ತರಿ, ಅವನ ಕರೆಂಟು ಕೆಲಸದ ಪಕ್ಕಡು, ಸ್ಕ್ರೂಡ್ರೈವರು ತೊಳೆದೆ. ಪೂಜೆಗೆ ಇಡುವುದನ್ನು ತೊಳೆಯದೆ ಇಡಬಾರದು. ವಿಮಾನದ ಹಿಡಿಕೆ ಬೆವರು, ಧೂಳು ಸೇರಿ ಕಪ್ಪಾಗಿತ್ತು. ತಂತಿಗೆ ನೀರು ತಾಕಿದರೆ ಜಂಗು ಹಿಡಿಯುತ್ತದೆ ಎಂದು ಅವನು ಸಾವಿರ ಸಲ ಹೇಳಿದ್ದು ನೆನಪಿತ್ತು. ಅದಕ್ಕೇ ಎರಡೂ ತಂತಿಗಳನ್ನು ಕೊಂಡಿ ಸಮೇತ ಹಿಡಿಕೆಯಿಂದ ಬಿಚ್ಚಿದೆ. ಹಿಡಿಕೆ ತೊಳೆದು, ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ತಂತಿಗಳನ್ನು ಮತ್ತೆ ಸಿಕ್ಕಿಸಿದೆ. ಪ್ರತಿ ಸಲ ಅವನು ಬಿಚ್ಚಿ ಹಾಕುವ, ಮೇಲಿನ ತಂತಿಯ ವಿಮಾನದ ಕಡೆಯ ತುದಿಗೆ ಗುರುತೆಂದು ನಾನೇ ಕೆಂಪು ದಾರ ಸುತ್ತಿಕೊಟ್ಟಿದ್ದೆ. ಹಿಡಿಕೆಯ ಕಡೆ ಅವನು ಎಂದೂ ಬಿಚ್ಚುತ್ತಿರಲಿಲ್ಲವಾದ್ದರಿಂದ ಅಲ್ಲಿ ಗುರುತೇ ಇರಲಿಲ್ಲ. ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ನನಗೆ ಕೇಳಬೇಕೆನ್ನಿಸಲಿಲ್ಲ. ಮಷೀನಿನ ಮೇಲಿನ ದಾರ, ಕೆಳಗಿನ ದಾರ ಎಂದೂ ಅದಲುಬದಲು ಮಾಡದ ಕೈ ಇದು.

ಕಣದಲ್ಲಿ ಹಮಾಲರು, ಅವರ ಹೆಂಡಂದಿರು, ಸಾವುಕಾರರ ಮನೆಯವರು ಎಲ್ಲ ಸೇರಿದ್ದರು. ತಮ್ಮ ಗುಂಡಿ ಒತ್ತಿ ನಡುವಿಗೆ ನಡೆದ. ನಾನು ವಿಮಾನ ಹಿಡಿದು ಕುಳಿತೆ. ಬಿಸಿಲಿಗೆ ಸಿಮೆಂಟು ಹೊಳೆಯುತ್ತಿತ್ತು. ಅಷ್ಟು ದೂರದಿಂದ ಅವನಿಗೆ ಎರಡು ಬೆರಳಗಲದ ಪಟ್ಟಿ ಕಾಣುವಂತಿರಲಿಲ್ಲ. ಹಿಂದಿನಿಂದ ಸಾವುಕಾರರ ಹೆಂಡತಿ ಕೂಗಿದರು.

"ಏನವ್ವಾ, ನನ್ನ ಜಂಪರ್ ತೋಳು ಬಿಗಿ ಮಾಡೀದಿ. ಆ ವಿಮಾನದ ತೋಳೂ ಹಂಗ ಮಾಡೀಯೇನು?"

ಹೆಂಗಸರೆಲ್ಲ ನಕ್ಕರು. ನಾನು ತಿರುಗಿ, "ಜಂಪರ್ ಬಿಗಿ ಆಗಿಲ್ರಿ ಅಕ್ಕಾರ. ಹಬ್ಬದ ಹೋಳಿಗಿ ಜಾಸ್ತಿ ಆಗ್ಯಾವ್ರಿ" ಎಂದೆ. ನಗು ಇನ್ನೂ ಜೋರಾಯಿತು. ಅಷ್ಟು ಮಂದಿ ನನ್ನ ಮಾತಿಗೆ ನಕ್ಕು ಎಷ್ಟು ಕಾಲವಾಗಿತ್ತೋ. ಆ ನಗುವಿನ ಕಡೆಗೇ ಮುಖ ಮಾಡಿ ಕುಳಿತಿದ್ದೆ.

"ಅಕ್ಕಾ, ಎದ್ದದೇನು?"

"ಹೂಂ, ಸರಿ ಅದ, ಸರಿ ಅದ!"

ಮೋಟರು ತಿರುಗಿತು. ಬಿಟ್ಟೆ. ವಿಮಾನ ಓಡಿತು, ಗಾಳಿಯ ಒಂದು ಹೊಡೆತಕ್ಕೆ ತಾನಾಗಿಯೇ ಎದ್ದಿತು. ತಮ್ಮ ಏರಿಸಲೆಂದು ಕೈ ಮೇಲೆ ವಾಲಿಸಿದ. ಅದು ಮೂಗು ಕೆಳಗೆ ಮಾಡಿ ಸಿಮೆಂಟಿಗೆ ಹೊಡೆಯಿತು. ಒಂದು ಸುತ್ತೂ ಪೂರ್ತಿಯಾಗಿರಲಿಲ್ಲ. ಬ್ಯಾಟರಿ ಉಬ್ಬಿ ಹೊಗೆಯಾಡಿ ಬೆಂಕಿ ಹತ್ತಿತು. ಯಾರೋ ಬುಟ್ಟಿಯಲ್ಲಿ ಮರಳು ತಂದು ಸುರಿದರು. ಹಳದಿ ರೆಕ್ಕೆ ಸುರುಟಿ ಕಪ್ಪಾಯಿತು.

ಮುದುಕ ಹಮಾಲನೊಬ್ಬ ಗೊಣಗಿದ. "ಪೂಜಿ ಮಾಡಿದ್ದನ್ನ ಅವತ್ತ ಹಾರಸ್ತಾರೇನ್ರೋ? ಇಷ್ಟು ದೊಡ್ಡ ಮಿಲ್ಲ ಬಂದ್ ಇಟ್ಟೀವಿ ನಾವು."

ನಮ್ಮ ಕಡೆ ಹಾಗೇ. ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟುವುದಿಲ್ಲ, ನನ್ನ ಮಷೀನೂ ಆ ದಿನ ತಿರುಗುವುದಿಲ್ಲ. ಹೊಡೆತಕ್ಕೆ ತಂತಿ ತುಂಡಾಗಿ ಅಲ್ಲಿಯೇ ಬಿದ್ದಿದ್ದ ಹಿಡಿಕೆಯನ್ನು ನಾನು ಎತ್ತಿಕೊಂಡೆ. ಮೇಲಿನ ತಂತಿಯ ಕೊಂಡಿ ಮೊದಲಿನಿಂದಲೂ ತುಸು ಸೊಟ್ಟ ಇತ್ತು. ಆ ಸೊಟ್ಟ ಕೊಂಡಿ ಈಗ ಕೆಳಗಿತ್ತು. ಬೆಳಿಗ್ಗೆ ಸಿಕ್ಕಿಸುವಾಗ ಅದನ್ನು ಗಮನಿಸದೆ ತಂತಿ ತಿರುವಿ ಹಾಕಿದವಳು ನಾನೇ. ಹಿಡಿಕೆಯನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಮನೆಗೆ ಬಂದ ಮೇಲೆ ನನ್ನ ಬಾಯಿಂದ ಬಂದ ಮಾತು ಇದು: "ಪೂಜಿ ಆದದ್ದು ಇವತ್ತು ಹಾರಸಬ್ಯಾಡಂತ ನಾ ಹೇಳಲಿಲ್ಲೇನು?"

ನಾನು ಹೇಳಿರಲಿಲ್ಲ. ಹಾರಿಸು, ಎಲ್ಲರೂ ನೋಡಲಿ ಎಂದವಳು ನಾನೇ.

ತಮ್ಮ ತಲೆ ಎತ್ತಲಿಲ್ಲ. "ಪೂಜಿದಲ್ಲಕ್ಕಾ. ನಾನೇ ತಂತಿ ತಿರುವಿ ಹಾಕೀನಿ. ಕೆಂಪು ದಾರದ್ದು ಕೆಳಗ ಹಾಕಿರಬೇಕು. ಹೆಂಗ ಹಾಕಿದೆನೋ ನೆನಪೇ ಆಗವಲ್ದು" ಎಂದ. ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅನ್ನಕ್ಕೆ ಇಡುತ್ತೇನೆಂದು ಎದ್ದು ಹೋದೆ.

ಅವನು ಹೈದರಾಬಾದಿಗೆ ಹೋಗಲಿಲ್ಲ. ಹಿಡಿಕೆ ಎಲ್ಲಿ ಎಂದೂ ಕೇಳಲಿಲ್ಲ. ಮಿಲ್ಲಿನಲ್ಲಿ ಒಂದು ವೈರು ಜೋಡಿಸಿದರೆ ಹತ್ತಾರು ಸಲ ಬಿಚ್ಚಿ ನೋಡತೊಡಗಿದ. ಮನೆಗೆ ಬಂದವನು ಸ್ವಿಚ್ ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಊಟ ಬಿಟ್ಟು ಮತ್ತೆ ಹೋಗುತ್ತಿದ್ದ. ಜೊತೆಯವರು, "ಏ, ನಿನ್ನ ಕೈ ನಿನ್ನವೋ, ಬಾಡಿಗಿಗಿ ತಂದೀಯೋ?" ಎಂದು ನಗುತ್ತಿದ್ದರಂತೆ. ಅದನ್ನು ಅವನೇ ನನಗೆ ಹೇಳಿ ನಕ್ಕ. ನಾನೂ ನಕ್ಕೆ. ಅದಕ್ಕಿಂತ ಕೆಟ್ಟದ್ದು ನಾನು ಮಾಡಿದ್ದಿಲ್ಲ.

ಮುಂದೆ ಮಿಲ್ಲಿನ ಕೆಲಸ ಬಿಟ್ಟು ದೇವದುರ್ಗದಲ್ಲಿ ಸುಟ್ಟ ಪಂಪಿನ ಮೋಟರಿಗೆ ತಂತಿ ಸುತ್ತುವ ಅಂಗಡಿ ಸೇರಿದ. ನಾನು ಮಾನ್ವಿಗೆ ವಾಪಸು ಬಂದೆ. ನೀನೂ ಬಾ ಎಂದಿದ್ದ. ಅವನ ಮುಖ ನೋಡುತ್ತ ಒಂದೇ ಕೋಣೆಯಲ್ಲಿರಲು ನನ್ನಿಂದ ಆಗದು ಎಂದು ಹೇಗೆ ಹೇಳಲಿ? ಗಿರಾಕಿ ಬಿಟ್ಟು ಬರಲಾಗದು ಎಂದೆ. ಹಿಡಿಕೆಯನ್ನು ಮಷೀನಿನ ಪೆಟ್ಟಿಗೆಯ ಖಾನೆಯಲ್ಲಿ ಚೂರು ಬಟ್ಟೆಗಳ ಕೆಳಗೆ ಇಟ್ಟಿದ್ದೆ. ದಾರದ ಉಂಡೆಗೆ ಕೈ ಹಾಕಿದರೆ ಬೆರಳಿಗೆ ಅದೇ ತಾಕುತ್ತಿತ್ತು. ಸಂಜೆ ಫೋನು ಮಾಡುತ್ತಿದ್ದ.

"ಉಂಡೇನಕ್ಕಾ?"

"ಉಂಡೆ. ನೀನು?"

"ಉಣ್ಣಬೇಕು."

ಆಮೇಲೆ ಅವನ ಕಡೆಯಿಂದ ಬಸ್ಸಿನ ಸದ್ದು, ನನ್ನ ಕಡೆಯಿಂದ ಫ್ಯಾನಿನದು.

ಈ ಸಲ ಮಹಾನವಮಿಯ ಹಿಂದಿನ ದಿನ ಫೋನು ಮಾಡಿದವನು, "ಆ ವಿಮಾನದ ಮೋಟರ್ ಒಂದು ಉಳದಿತ್ತಲ್ಲಕ್ಕಾ, ಅದನ್ನ ಒಬ್ಬರಿಗಿ ಕೊಡಾಕತ್ತೀನಿ. ಕೇಳಾಕತ್ತಾರ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ, ಇಟಗೊಂಡು ಏನ್ ಮಾಡ್ಲಿ?" ಎಂದ. ಸಿಟ್ಟಿಲ್ಲ, ದುಃಖವಿಲ್ಲ, ಹಳೆಯ ಡಬ್ಬಿ ಕೊಟ್ಟುಬಿಡುತ್ತೇನೆ ಎಂದ ಹಾಗೆ.

"ಕೊಡಬ್ಯಾಡ. ನಾ ಬರ್ತೀನಿ, ಅಲ್ಲೀತನ ಕೊಡಬ್ಯಾಡ" ಎಂದೆ.

ಬನ್ನಿ ಹಬ್ಬದ ದಿನ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆ. ಹಿಡಿಕೆ ಚೀಲದಲ್ಲಿ. ಕೊಂಡಿಗಳನ್ನು ನಾನು ಅಂದಿನಿಂದ ಮುಟ್ಟಿರಲಿಲ್ಲ. ತುಂಡಾದ ತಂತಿಯ ಮೋಟು ಎರಡೂ ಕಡೆ ಹಾಗೆಯೇ ಇತ್ತು, ಸಂದಿನಲ್ಲಿ ವಿಭೂತಿ ಬೆಳ್ಳಗೆ ಕುಳಿತಿತ್ತು. ಕಾಲುವೆ ನೀರು, ಹಸಿರು ಭತ್ತ, ಹತ್ತಿ ಹೊಲ ಹಿಂದೆ ಸರಿದವು. ಇಳಿದು ವಾಪಸು ಹೋಗಿಬಿಡಲೇ ಎಂದು ಸಿರವಾರದಲ್ಲೊಮ್ಮೆ ಅನ್ನಿಸಿತು. ಚೀಲ ಅವಚಿಕೊಂಡು ಕುಳಿತೆ.

ತಮ್ಮನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೋವು. ಗೂಡಿನಲ್ಲಿ ಬಟ್ಟೆ ಸುತ್ತಿದ ಆ ಮೋಟರು. ಸಂಜೆ ಊರವರೆಲ್ಲ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಚಿಕ್ಕವರು ಹಿರಿಯರ ಕಾಲಿಗೆ ಬೀಳುತ್ತಿದ್ದರು. ಅವನೂ ಹೊರಗಿನಿಂದ ಬಂದು, "ತಗೋ ಅಕ್ಕಾ, ನಾವು ನೀವು ಬಂಗಾರದಂಗ ಇರೋಣು" ಎಂದು ನನ್ನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಲು ಬಾಗಿದ. ನಾನು ಅವನ ಭುಜ ಹಿಡಿದು ನಿಲ್ಲಿಸಿದೆ. ಚೀಲದಿಂದ ಹಿಡಿಕೆ ತೆಗೆದು ಅವನ ಕೈಯಲ್ಲಿಟ್ಟೆ. ಅವನು ಅದನ್ನು ಹಾರಿಸುವಾಗಿನ ಹಾಗೆಯೇ ಹಿಡಿದ. ಕೆಳಗಿನ ಸೊಟ್ಟ ಕೊಂಡಿಯನ್ನು ಹೆಬ್ಬೆರಳಿನಿಂದ ಸವರಿದ. ವಿಭೂತಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ತಮ್ಮಾ, ಅವತ್ತು ಇದನ್ನ ತೊಳಿಯಾಕಂತ ತಂತಿ ಬಿಚ್ಚಿ, ತಿರುವಿ ಹಾಕಿದಾಕಿ ನಾನು. ಎದ್ದದೇನು ಅಂತ ನೀ ಕೇಳಿದಾಗ ಬಾಲದ ಪಟ್ಟಿ ನಾ ನೋಡಲೇ ಇಲ್ಲ. ಮಂದಿ ಜೋಡಿ ನಗಾಕತ್ತಿದ್ದೆ. ನಿನ್ನ ಕೈಯಾಗ ಏನೂ ತಪ್ಪಿರಲಿಲ್ಲಪ್ಪಾ. ಅಂದೂ ಇರಲಿಲ್ಲ, ಇಂದೂ ಇಲ್ಲ. ಗೊತ್ತಿದ್ದೂ ಇಷ್ಟು ದಿನ ನಿನ್ನ ತಲಿ ಮ್ಯಾಲ ಹಾಕಿ ಸುಮ್ಮ ಕುಂತೆ. ನಂದು ತಪ್ಪಾತು. ತಪ್ಪಾತೋ ತಮ್ಮಾ."