ಗೌರಕ್ಕ ದಾಂಡೇಲಿಗೆ ಹೋದದ್ದು

ಹಳೇ ಹುಬ್ಬಳ್ಳಿಯ ಗುರುಸಿದ್ದಯ್ಯ ಮಾಸ್ತರರು ಶಾಲೆಯಲ್ಲಿ ಹುಲಿ, ಆನೆ, ಕಾಡುಕೋಣಗಳ ಪಾಠವನ್ನು ವರ್ಷಗಟ್ಟಲೆ ಹೇಳಿಕೊಟ್ಟಿದ್ದರು. ಆದರೆ ಸರ್ಕಸ್ಸಿನ ಬಡಕಲು ಸಿಂಹವೊಂದನ್ನು ಬಿಟ್ಟರೆ ಬೇರೆ ಯಾವ ಕಾಡುಪ್ರಾಣಿಯನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಅದೇ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದ ಸೋಮಪ್ಪ ಒಂದು ದಿನ ಚಹಾದ ಹೊತ್ತಿಗೆ ಹೊಸ ಸುದ್ದಿ ತಂದ.

"ಮಾಸ್ತರ, ದಾಂಡೇಲಿ ಅಡವ್ಯಾಗ ಬ್ಯಾಟಿ ಬಂದ್ ಮಾಡ್ಯಾರ. ಪ್ರಾಣಿ ಈಗ ರಸ್ತಾದ ಮ್ಯಾಲೇ ಬಂದು ನಿಲ್ಲತಾವಂತ. ನಮ್ಮ ಹೆಂಡ್ತಿ ತಮ್ಮ ಹುಲಗಪ್ಪ ಅಲ್ಲೇ ಗಾರ್ಡ್ ಅದಾನ. ನಾವೊಂದು ಗಾಡಿ ತಗೊಂಡು ಹೋದ್ರ ತಾನೂ ಹತ್ತಿ ಕುಂತು ಅಡವಿ ತುಂಬ ತಿರುಗಸ್ತಾನ. ಇಳಿಯೂದ ಬ್ಯಾಡ, ಗಾಡ್ಯಾಗ ಕುಂತ ನೋಡೂದು."

ಗುರುಸಿದ್ದಯ್ಯನವರ ಕಿವಿಯಲ್ಲಿ ಆ ಕೊನೆಯ ಮಾತು ಉಳಿದುಬಿಟ್ಟಿತು. ಅಂದು ಸಂಜೆ ಮನೆಗೆ ಬಂದವರೇ ಹೆಂಡತಿ ಶರಣವ್ವನಿಗೆ ಹೇಳಿದರು. ಮಕ್ಕಳಿಗೂ ಗೊತ್ತಾಯಿತು. ಓಣಿಯ ಆ ತುದಿಯಲ್ಲಿದ್ದ ಮಕಬೂಲಸಾಬ ಧಾರವಾಡ, ಹಳಿಯಾಳದ ಕಡೆ ಜನರನ್ನು ತುಂಬಿಕೊಂಡು ಜೀಪು ಓಡಿಸುತ್ತಿದ್ದ. ಸಂಕ್ರಾಂತಿ ಮುಗಿದ ಮೇಲಿನ ರವಿವಾರ ಬರುತ್ತೇನೆಂದು ಅವನೂ ಒಪ್ಪಿದ. ಯಾರು ಎಲ್ಲಿ ಕೂರಬೇಕು, ಬುತ್ತಿಗೆ ಏನು ಕಟ್ಟಬೇಕು, ಹುಲಿ ಜೀಪಿನ ಮೇಲೆ ಹಾರಿದರೆ ಏನು ಮಾಡಬೇಕು ಎಂಬ ಮಾತು ಮನೆಯಲ್ಲಿ ಆಗಲೇ ಶುರುವಾಗಿತ್ತು.

ಮಾಸ್ತರರ ಅಕ್ಕ ಗೌರಕ್ಕ ಆಗ ಗೆಳತಿಯೊಬ್ಬಳ ಮಗಳ ಬಾಣಂತನಕ್ಕೆ ನೆರವಾಗಲು ಗೋಪನಕೊಪ್ಪಕ್ಕೆ ಹೋಗಿದ್ದಳು. ಅವಳು ಮರಳಿ ಬಂದ ದಿನವೇ ಹುಲಗಪ್ಪನೂ ಸಂತೆಗೆಂದು ಹುಬ್ಬಳ್ಳಿಗೆ ಬಂದವನು, ಸೋಮಪ್ಪನ ಜೊತೆ ಮಾಸ್ತರರ ಮನೆಯ ಕಟ್ಟೆಯ ಮೇಲೆ ಕುಳಿತ. ಖಾಕಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ.

"ಕೆಂಪು ಅರಿವಿ ಹಾಕ್ಕೋಬ್ಯಾಡ್ರಿ. ಹುಡುಗರಿಗೆ ಮೊದ್ಲ ಹೇಳಿ ಇಡ್ರಿ, ಒಂದ ಸಪ್ಪಳ ಮಾಡಿದ್ರೂ ಪ್ರಾಣಿ ನಿಲ್ಲಂಗಿಲ್ಲ," ಎಂದ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಒಮ್ಮೆ ಹಿಡಿದರೆ ಬಿಡದ, ಉಸಿರನ್ನು ಕಿತ್ತುಕೊಂಡು ಬರುವ ಕೆಮ್ಮು. ಅದು ನಿಂತ ಮೇಲೆ ಹುಲಗಪ್ಪ ದನಿ ತಗ್ಗಿಸಿ ಕೇಳಿದ. "ಅವರೂ ಬರಾವ್ರೇನ್ರಿ?"

ಗುರುಸಿದ್ದಯ್ಯ ಉತ್ತರ ಕೊಡುವ ಮೊದಲೇ ಸೋಮಪ್ಪ ಅಂದ, "ಹೆಂಗ ಬರತಾರ? ಗಾಡ್ಯಾಗ ಜಾಗಾನೂ ಇಲ್ಲ."

"ಹೌದು, ಜಾಗಾ ಇಲ್ಲ," ಎಂದರು ಮಾಸ್ತರರು. ಹಾಗೆ ಅಂದ ಕೂಡಲೇ ಬಾಗಿಲ ಕಡೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಆ ಕೆಮ್ಮು ಎಲ್ಲಿಂದ ಬಂದದ್ದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಗೌರಕ್ಕ ಹದಿನೆಂಟು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಂದೆ ತೀರಿಕೊಂಡ ಮೇಲೆ ತಮ್ಮನ ಓದು ನಿಲ್ಲಬಾರದೆಂದು ಹತ್ತಿ ಗಿರಣಿಗೆ ಹೋಗತೊಡಗಿದಳು. ಅಯ್ಯನೋರ ಮನೆಯ ಹೆಣ್ಣುಮಗಳು ಗಿರಣಿಗೆ ಹೋಗುತ್ತಾಳೆಂದು ಓಣಿಯವರು ಆಡಿಕೊಂಡರು. ಹತ್ತಿಯ ಧೂಳು ಹಾರುವ ಕೋಣೆಯಲ್ಲಿ ಕೂತು ಕಸ ಆರಿಸಿ, ಸಂಜೆ ಹುಬ್ಬಿನ ಮೇಲೆಲ್ಲ ಬಿಳಿ ನಾರು ಮೆತ್ತಿಕೊಂಡು ಬರುತ್ತಿದ್ದಳು. ತಮ್ಮ ಮಾಸ್ತರನಾದ ಮೇಲೆ ಗಿರಣಿ ಬಿಟ್ಟಳು. ಧೂಳು ಮಾತ್ರ ಎದೆಯಲ್ಲೇ ಉಳಿಯಿತು.

ರಾತ್ರಿ ಊಟಕ್ಕೆ ಕೂತಾಗ ಗೌರಕ್ಕನೇ ಕೇಳಿದಳು. "ಮಕಬೂಲಸಾಬ ಸಿಕ್ಕಿದ್ದ. ಮಾಸ್ತರು ರವಿವಾರ ಜೀಪ ಹೇಳ್ಯಾರ ಅಂದ. ಎಲ್ಲಿಗೋ?"

ಶರಣವ್ವ ಗಂಡನ ಮುಖ ನೋಡಿದಳು. ಮಕ್ಕಳು ತುತ್ತು ಹಿಡಿದು ಕೂತರು.

"ಹಳಿಯಾಳಕ್ಕ, ಅಕ್ಕಾ," ಎಂದರು ಗುರುಸಿದ್ದಯ್ಯ. "ನಮ್ಮ ಸಾಲಿ ಮಾಸ್ತರೊಬ್ಬರ ಮನ್ಯಾಗ ತೊಟ್ಟಿಲ ಕಾರ್ಯ. ದೂರದ ದಾರಿ, ನಿನಗ ಧೂಳ ಆಗಿ ಬರೂದಿಲ್ಲ. ಅದಕ್ಕ ನಾವಷ್ಟ ಹೋಗಿ ಬರತೇವಿ."

"ಹೋಗಿ ಬರ್ರಿ. ಗಂಡೋ ಹೆಣ್ಣೋ?"

ಅದನ್ನು ಅವರು ಯೋಚಿಸಿರಲಿಲ್ಲ. "ಗಂಡು," ಎಂದರು.

ಮರುದಿನ ಶಾಲೆಯಿಂದ ಬಂದಾಗ ಗೌರಕ್ಕ ಪಡಸಾಲೆಯ ಬೆಳಕಿನಲ್ಲಿ ಕೂತು ಏನೋ ಹೊಲಿಯುತ್ತಿದ್ದಳು. ಪೆಟ್ಟಿಗೆಯ ತಳದಲ್ಲಿದ್ದ ಕುಪ್ಪಸದ ಖಣದ ತುಂಡೊಂದನ್ನು ತೆಗೆದು, ಒಳಗೆ ಹಳೆಯ ಮೆತ್ತನೆ ಧೋತರದ ಅಸ್ತರಿ ಕೊಟ್ಟು, ಕೂಸಿನ ತಲೆಗೆ ಹಾಕುವ ಕುಂಚಿಗೆ ಮಾಡುತ್ತಿದ್ದಳು.

"ತೊಟ್ಟಿಲಕ್ಕ ಬರಿಗೈಲೆ ಹೋದ್ರ ಛಲೋ ಕಾಣೂದಿಲ್ಲ," ಎಂದಳು ತಲೆ ಎತ್ತದೆ. "ನನ್ನ ಹೆಸರಿಲೆ ಇದನ್ನ ಕೊಡ್ರಿ."

ಗುರುಸಿದ್ದಯ್ಯ ಟೊಪ್ಪಿಗೆಯನ್ನು ಗೂಟಕ್ಕೆ ಹಾಕುವುದನ್ನೂ ಮರೆತು ನಿಂತರು. ಹುಟ್ಟದ ಕೂಸಿಗೆ ಅಕ್ಕ ಕಣ್ಣು ಕಿರಿದು ಮಾಡಿಕೊಂಡು ಹೊಲಿಗೆ ಹಾಕುತ್ತಿದ್ದಾಳೆ. ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಕೆಮ್ಮು ಬಂದು ಅವಳು ಸೂಜಿ ಪಕ್ಕಕ್ಕಿಟ್ಟು ಸೆರಗು ಬಾಯಿಗೆ ಹಿಡಿದಳು. ಅವರು ನೀರು ತಂದುಕೊಟ್ಟು ಹೊರಗೆ ಹೋಗಿಬಿಟ್ಟರು.

"ಖರೇ ಹೇಳಿಬಿಡ್ರಿ," ಎಂದು ಶರಣವ್ವ ಎರಡು ಸಲ ಅಂದಳು. "ಬರೂದಿಲ್ಲ ಅಂತ ಅವ್ರ ಅಂತಾರ."

"ಬರತೇನಿ ಅಂದ್ರ?"

ಮಕ್ಕಳು ಹಗಲೆಲ್ಲ ಅತ್ತೆಯ ಕಣ್ಣು ತಪ್ಪಿಸಿ ಕೋಣ, ಆನೆ ಎಂದು ಕುಣಿಯುತ್ತಿದ್ದವು. ಆನೆ ಕಾಣುವ ಹೊತ್ತಿಗೆ ಜೀಪಿನೊಳಗೆ ಆ ಕೆಮ್ಮು ಶುರುವಾದರೆ ಎಂದು ಶರಣವ್ವನೂ ಒಳಗೊಳಗೆ ಹೆದರಿದ್ದಳು. ತಾನು ಹಾಗೆ ಹೆದರಿದ್ದೇನೆಂದು ನಾಚಿಕೆಪಟ್ಟು, ಆ ವಾರವೆಲ್ಲ ಅತ್ತಿಗೆಗೆ ಬೇಡವೆಂದರೂ ತುಪ್ಪ ಬಡಿಸಿದಳು.

ಶುಕ್ರವಾರ ಕಿರಿಯ ಮಗಳು ದಾನವ್ವ ಅತ್ತೆಯ ಹತ್ತಿರ ತಲೆ ಬಾಚಿಸಿಕೊಳ್ಳುತ್ತ ಕೂತಿದ್ದಳು. ಗುರುಸಿದ್ದಯ್ಯ ಆಗಷ್ಟೇ ಹೊಸ್ತಿಲು ದಾಟಿದ್ದರು.

"ಅತ್ತಿ, ನನಗ ಕೆಂಪು ರಿಬ್ಬನ್ ಬ್ಯಾಡ. ಕೆಂಪು ಕಂಡ್ರ ಕ್ವಾಣ ಓಡಿ ಹೋಗತಾವಂತ."

"ತೊಟ್ಟಿಲದಾಗ ಎಲ್ಲಿ ಕ್ವಾಣವ್ವಾ?"

"ತೊಟ್ಟಿಲಲ್ಲ, ಅಡವಿ! ಗಾಡ್ಯಾಗ ಯಾರೂ ಕೆಮ್ಮಬಾರದು..." ಎಂದ ಹುಡುಗಿ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿಯಿತು.

ಬಾಚಣಿಗೆ ಒಂದು ಕ್ಷಣ ನಿಂತಿತು. ಆಮೇಲೆ ಗೌರಕ್ಕ ಕರಿ ರಿಬ್ಬನ್ ತೆಗೆದು ಜಡೆ ಹೆಣೆದಳು. ಬಾಗಿಲಲ್ಲಿ ನಿಂತಿದ್ದ ತಮ್ಮನನ್ನು ನೋಡಿದಳು. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅಂದು, ಮರುದಿನ ಎರಡು ದಿನವೂ ಅವಳು ಎಂದಿನಂತೆ ಕಸ ಗುಡಿಸಿದಳು, ಲಿಂಗಪೂಜೆ ಮಾಡಿಕೊಂಡಳು, ಓಣಿಯ ಹೆಂಗಸರ ಜೊತೆ ಮಾತಾಡಿದಳು. ಗುರುಸಿದ್ದಯ್ಯನವರಿಗೆ ದಾರಿ ತೋಚಲಿಲ್ಲ. ಹೋಗುವುದೇ ಬೇಡ ಅನ್ನೋಣವೆಂದರೆ ಸೋಮಪ್ಪ, ಹುಲಗಪ್ಪ, ಜೀಪು ಎಲ್ಲ ಗೊತ್ತಾಗಿತ್ತು. ಅಕ್ಕನನ್ನು ಈಗ ಕರೆಯೋಣವೆಂದರೆ, ಸಿಕ್ಕಿಬಿದ್ದ ಮೇಲೆ ಕರೆದಂತಾಗುತ್ತದೆ.

ರವಿವಾರ ಬೆಳಗ್ಗೆ ಅವರು ಎದ್ದಾಗ ಗೌರಕ್ಕ ಮನೆಯಲ್ಲಿರಲಿಲ್ಲ. ಒಲೆಯ ಪಕ್ಕ ದೊಡ್ಡದೊಂದು ಬುತ್ತಿಯ ಗಂಟು ಇತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಕ್ಕಳಿಗೆಂದು ಮಾದಲಿ. ತೊಟ್ಟಿಲ ಮನೆಗೆ ಹೋಗುವವರಿಗೆ ಯಾರೂ ಬುತ್ತಿ ಕಟ್ಟುವುದಿಲ್ಲ. ಹೊಲಿದು ಮುಗಿಸಿದ ಕುಂಚಿಗೆ ಅಲ್ಲೆಲ್ಲೂ ಕಾಣಲಿಲ್ಲ.

"ಮಠಕ್ಕ ಹೋಗತೇನಿ, ಸಂಜೀತನಕ ಬರೂದಿಲ್ಲ ಅಂದ್ರು," ಎಂದು ಶರಣವ್ವ ಕಣ್ಣೊರೆಸಿಕೊಂಡಳು.

ಜೀಪು ಬಂತು. ಸೋಮಪ್ಪ ಮುಂದೆ ಕೂತಿದ್ದ. ಮಕ್ಕಳು ಹತ್ತಿದವು. ಓಣಿ ದಾಟಿ ಧಾರವಾಡದ ದಾರಿ ಹಿಡಿಯುವ ಹೊತ್ತಿಗೆ ಗುರುಸಿದ್ದಯ್ಯ ಮಕಬೂಲಸಾಬನ ಭುಜ ಹಿಡಿದರು. "ಗಾಡಿ ತಿರುಗಿಸು. ಸಿದ್ಧಾರೂಢರ ಮಠಕ್ಕ ನಡಿ."

"ತಡಾ ಆದ್ರ ಪ್ರಾಣಿ ಸಿಗೂದಿಲ್ರಿ," ಎಂದ ಸೋಮಪ್ಪ.

"ಸಿಗದಿದ್ರ ಬಿಡಲಿ."

ಗೌರಕ್ಕ ಮಠದ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಮ್ಮ ಎದುರಿಗೆ ಬಂದು ನಿಂತರೂ ಏಳಲಿಲ್ಲ.

"ನಡಿಯಕ್ಕಾ, ಅಡವಿಗೆ ಹೋಗೂಣು."

"ನನಗ ಕೆಮ್ಮ ಬರತೈತಿ."

"ಬಂದ್ರ ಬರಲಿ."

"ಹುಡುಗರು ಅಳತಾವ."

"ಅಳಲಿ. ನೀ ಬರದಿದ್ರ ನಾನೂ ಇಲ್ಲೇ ಕುಂದರತೇನಿ." ಅವರು ನಿಜವಾಗಿಯೂ ಪಕ್ಕದಲ್ಲಿ ಕೂತರು. ಜೀಪಿನಿಂದ ದಾನವ್ವ ಓಡಿ ಬಂದು ಅತ್ತೆಯ ಕೈ ಹಿಡಿದು ಜಗ್ಗಿತು. ಗೌರಕ್ಕ ಕೊನೆಗೆ ಹುಡುಗಿಗಾಗಿ ಎದ್ದಳು.

ದಾಂಡೇಲಿ ಮುಟ್ಟಿದಾಗ ಬಿಸಿಲೇರಿತ್ತು. ಹುಲಗಪ್ಪ ಗೌರಕ್ಕನನ್ನು ಕಂಡು ತನ್ನ ಜಾಗ ಬಿಟ್ಟುಕೊಟ್ಟು ಹಿಂದಿನ ಮೆಟ್ಟಿಲ ಮೇಲೆ ನಿಂತುಕೊಂಡ. ಬಿದಿರು ಮೆಳೆಗಳ ನಡುವೆ ಜೀಪು ಮೆಲ್ಲಗೆ ಸಾಗಿತು. ನವಿಲು ಕಂಡಿತು. ಒಂದಿಷ್ಟು ಜಿಂಕೆಗಳು ಕಂಡವು. ಹೊಳೆಯ ಕಡೆ ಇಳಿಯುವ ತಿರುವಿನಲ್ಲಿ ಹುಲಗಪ್ಪ ತಗಡು ತಟ್ಟಿ ಗಾಡಿ ನಿಲ್ಲಿಸಿದ. ಕಾಡುಕೋಣಗಳ ಹಿಂಡು ದಾರಿಯ ಪಕ್ಕದಲ್ಲೇ ಮೇಯುತ್ತಿತ್ತು. ಬಿಳಿ ಕಾಲುಚೀಲ ಹಾಕಿಕೊಂಡಂಥ ಕಾಲುಗಳು, ಎಣ್ಣೆ ಹಚ್ಚಿದಂಥ ಕರಿ ಮೈ.

ಗುರುಸಿದ್ದಯ್ಯ ಅವುಗಳನ್ನು ಸರಿಯಾಗಿ ನೋಡಲೇ ಇಲ್ಲ. ಅಕ್ಕ ಸೆರಗಿನ ಮುದ್ದೆಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಕುತ್ತಿಗೆಯ ನರಗಳು ಉಬ್ಬಿದ್ದವು, ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೂ ಅವಳ ದೃಷ್ಟಿ ಕೋಣಗಳ ಮೇಲಿಂದ ಕದಲಲಿಲ್ಲ. "ಕೆಮ್ಮಿಬಿಡಕ್ಕಾ," ಎಂದು ಅವರು ಪಿಸುಗುಟ್ಟಿದರು. ಅವಳು ತಲೆ ಅಲ್ಲಾಡಿಸಿದಳು. ಹಿಂಡು ತಾನಾಗಿಯೇ ಬಿದಿರಿನೊಳಗೆ ಸರಿದು ಮರೆಯಾಗುವವರೆಗೂ ಹಾಗೇ ಕೂತಿದ್ದಳು. ಆಮೇಲೆ ಬಂದ ಕೆಮ್ಮಿಗೆ ಮರದ ಹಕ್ಕಿಗಳೆಲ್ಲ ಎದ್ದವು. ಮಕ್ಕಳು ಅಳಲಿಲ್ಲ. ದಾನವ್ವ ಅತ್ತೆಯ ಬೆನ್ನು ಸವರುತ್ತ ಕೂತಿತು.

ಮನೆಗೆ ಬಂದ ಮೇಲೆ ಗೌರಕ್ಕ ಓಣಿಯ ಹೆಂಗಸರಿಗೆಲ್ಲ ಕೋಣದ ಎತ್ತರವನ್ನು ಕೈಯೆತ್ತಿ ತೋರಿಸಿದಳು. "ನಮ್ಮ ತಮ್ಮ ಗಾಡಿ ತಿರುಗಿಸ್ಕೊಂಡು ಬಂದು ನನ್ನ ಹತ್ತಿಸ್ಕೊಂಡು ಹೋದ," ಎನ್ನುತ್ತಿದ್ದಳು. ಆ ಮಾತು ಬಂದಾಗಲೆಲ್ಲ ಗುರುಸಿದ್ದಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು.

ಯುಗಾದಿಯ ಮುಂದೆ ಒಂದು ಮಧ್ಯಾಹ್ನ ಅವಳೊಬ್ಬಳೇ ಶಾವಿಗೆ ಒಣಗಹಾಕುತ್ತಿದ್ದಾಗ ಅವರು ಹೋಗಿ ಹತ್ತಿರ ಕೂತರು.

"ಅಕ್ಕಾ, ನಾ ನಿನಗ ಸುಳ್ಳ ಹೇಳಿದೆ. ನಿನ್ನ ಬಿಟ್ಟು ಹೋಗಬೇಕಂತ ಮಾಡಿದ್ದೆ."

"ಗೊತ್ತೈತಿ."

"ನಾವು ಆರಾಮ ಹೋಗಲಿ ಅಂತ ನೀ ಮಠಕ್ಕ ಹೋಗಿ ಕುಂತಿ."

ಗೌರಕ್ಕ ಕೈಯಲ್ಲಿದ್ದ ಶಾವಿಗೆಯ ಎಳೆಯನ್ನು ಕೋಲಿನ ಮೇಲೆ ಹರವಿದಳು. "ಅದಕ್ಕಲ್ಲೋ. ನಿನ್ನ ಮಾರಿ ನೋಡೂದು ಬ್ಯಾಡಾಗಿತ್ತು ನನಗ. ಅಷ್ಟ ಸಿಟ್ಟ ಬಂದಿತ್ತು. ಸೀಟ ಇಲ್ಲ ಅಂದಿದ್ರ ಸುಮ್ಮನಾಗತಿದ್ದೆ. ಕೂಸಿನ ಸುಳ್ಳ ಹೇಳಬಾರದಿತ್ತು ನೀನು."

"ತಪ್ಪಾತು."

"ಹೌದು, ತಪ್ಪಾತು," ಎಂದಳು. ಇನ್ನೊಂದು ಎಳೆ ಹರವಿ, "ಇನ್ನೂ ಒಂಚೂರ ಸಿಟ್ಟ ಐತಿ. ಹೋಗತೈತಿ, ಲಗೂ ಮಾಡಬ್ಯಾಡ," ಎಂದಳು.

ಅವರು ಅಲ್ಲಿಂದ ಏಳಲಿಲ್ಲ. ಅವಳೂ ಏಳೆನ್ನಲಿಲ್ಲ. ಬಿಸಿಲು ಅಂಗಳದ ಅರ್ಧಕ್ಕೆ ಬರುವವರೆಗೆ ಇಬ್ಬರೂ ಕಾಗೆ ಓಡಿಸುತ್ತ ಶಾವಿಗೆಯ ಮುಂದೆ ಕೂತಿದ್ದರು.